ಯುದ್ಧ ತಿರುಗಿದ ಗಳಿಗೆಗಳು

(ಶತಮಾನೋತ್ಸವದ ಸಂದರ್ಭದಲ್ಲಿ ಶಾಲೆಯ ಸಭಾಂಗಣದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇದೇ ಶಾಲೆಯಲ್ಲಿ ನಾನು ಬಹುಕಾಲ ಚರಿತ್ರೆ ಕಲಿಸಿದವನು. ಎರಡನೆಯ ಮಹಾಯುದ್ಧದ ಪಾಠಕ್ಕೆ ಬಂದಾಗ ಕರಿಹಲಗೆಯ ಮೇಲೆ ‘ಯುದ್ಧದ ತಿರುವುಗಳು’ ಎಂದು ಬರೆದು, ಅದರ ಕೆಳಗೆ ಮಿಡ್‌ವೇ, ಎಲ್ ಅಲಮೈನ್, ಸ್ಟಾಲಿನ್‌ಗ್ರಾಡ್ ಎಂಬ ಮೂರು ಹೆಸರುಗಳನ್ನೂ ಅವುಗಳ ಇಸವಿಗಳನ್ನೂ ಬರೆಯುವುದು ನನ್ನ ವಾಡಿಕೆಯಾಗಿತ್ತು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಾಷ್ಟ್ರೆ, ಅದು ತಿರುವು ಅಂತ ಅಲ್ಲಿದ್ದವರಿಗೆ ಆ ದಿನ ಗೊತ್ತಿತ್ತಾ?” ಎಂದು ಕೇಳಿದಳು. ಪಾಠ ಮುಗಿಸುವ ಅವಸರದಲ್ಲಿ ನಾನು ಏನೋ ಹೇಳಿ ಅವಳನ್ನು ಕೂರಿಸಿದೆ. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಮಿಡ್‌ವೇ ಎಂಬುದು ಶಾಂತಸಾಗರದ ನಡುವಿನ ಒಂದು ಪುಟ್ಟ ದ್ವೀಪ. 1942ರಲ್ಲಿ ಜಪಾನಿನ ರಹಸ್ಯ ಸಂದೇಶಗಳಲ್ಲಿ ‘ಎಎಫ್’ ಎಂಬ ಸ್ಥಳದ ಮೇಲೆ ದಾಳಿ ನಡೆಯಲಿದೆ ಎಂಬುದು ಅಮೆರಿಕದ ಸಂಕೇತಲಿಪಿ ತಜ್ಞರಿಗೆ ತಿಳಿದಿತ್ತು. ಆ ಸ್ಥಳ ಯಾವುದೆಂಬುದು ಖಚಿತವಾಗಿರಲಿಲ್ಲ. ಮಿಡ್‌ವೇಯಲ್ಲಿ ಕುಡಿಯುವ ನೀರಿಗೆ ತೊಂದರೆಯಾಗಿದೆ ಎಂದು ಅವರೇ ಒಂದು ಸುಳ್ಳು ಸಂದೇಶವನ್ನು ಬಹಿರಂಗವಾಗಿ ಕಳುಹಿಸಿದರು. ಸ್ವಲ್ಪದರಲ್ಲೇ ‘ಎಎಫ್‌ನಲ್ಲಿ ನೀರಿನ ಕೊರತೆ’ ಎಂಬ ಜಪಾನೀ ಸಂದೇಶ ಸಿಕ್ಕಿತು. ಹೀಗೆ ಗುಟ್ಟು ಬಯಲಾಯಿತು.

ಆದರೂ ಜೂನ್ 4ರ ಬೆಳಗ್ಗೆ ಗೆಲ್ಲುತ್ತಿದ್ದವರು ಜಪಾನೀಯರೆ. ‘ಹಾರ್ನೆಟ್’ ಹಡಗಿನಿಂದ ಹೊರಟ ಟಾರ್ಪೆಡೊ ವಿಮಾನಗಳ ಒಂದು ದಳದಲ್ಲಿ 15 ವಿಮಾನಗಳು, 30 ಮಂದಿ ಇದ್ದರು. ಹದಿನೈದೂ ಸಮುದ್ರಕ್ಕೆ ಉರುಳಿದವು; ಬದುಕಿ ಉಳಿದವನು ಒಬ್ಬನೆ. ಅದೇ ಹೊತ್ತಿನಲ್ಲಿ ‘ಎಂಟರ್‌ಪ್ರೈಸ್’ ಹಡಗಿನ ಬಾಂಬರ್‌ಗಳ ನಾಯಕ ಮೆಕ್‌ಕ್ಲಸ್ಕಿ ಶತ್ರುವನ್ನು ಕಾಣದೆ ಅಲೆಯುತ್ತಿದ್ದ. ಇಂಧನ ಕರಗುತ್ತಿತ್ತು. ಹಿಂದಿರುಗುವುದೆ ವಿವೇಕವೆನ್ನಿಸುವ ಗಳಿಗೆಯಲ್ಲಿ ಅವನು ಇನ್ನಷ್ಟು ಹುಡುಕಲು ನಿರ್ಧರಿಸಿದ. ಕೆಳಗೆ ಒಂಟಿಯಾಗಿ ಧಾವಿಸುತ್ತಿದ್ದ ಜಪಾನೀ ನೌಕೆಯೊಂದು ಕಣ್ಣಿಗೆ ಬಿತ್ತು. ಅದು ಹೋದ ದಿಕ್ಕನ್ನೇ ಹಿಡಿದು ಸಾಗಿದ. 10 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ಅವನ ವಿಮಾನಗಳೂ ‘ಯಾರ್ಕ್‌ಟೌನ್’ ಹಡಗಿನವೂ ಒಟ್ಟಿಗೆ ಮೇಲಿನಿಂದ ಎರಗಿದವು. ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೋರ್ಯು ಎಂಬ ಮೂರು ವಿಮಾನವಾಹಕ ಹಡಗುಗಳು ಹೊತ್ತಿ ಉರಿಯತೊಡಗಿದವು. ಸಂಜೆಗೆ ಹಿರ್ಯು ಕೂಡ ಬೆಂಕಿಗೆ ಆಹುತಿಯಾಯಿತು.

ಜಪಾನಿನ ಜನರಿಗೆ ಇದು ತಿಳಿಯಿತೆ? ಇಲ್ಲ. ಅಲ್ಲಿನ ಸರಕಾರ ವಿಜಯವಾರ್ತೆಯನ್ನೇ ಸಾರಿತು. ಗಾಯಗೊಂಡು ಮರಳಿದ ನಾವಿಕರನ್ನು ಯಾರ ಕಣ್ಣಿಗೂ ಬೀಳದಂತೆ ಆಸ್ಪತ್ರೆಗಳಲ್ಲಿ ಪ್ರತ್ಯೇಕವಾಗಿ ಇರಿಸಿತು.

ಎಲ್ ಅಲಮೈನಿನ ಕತೆ ಬಹುಮಟ್ಟಿಗೆ ರೊಮ್ಮೆಲನಿಗೆ ಸಾಲದೆ ಹೋದ ಪೆಟ್ರೋಲಿನ ಕತೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಸ್ಟಾಲಿನ್‌ಗ್ರಾಡಿನಲ್ಲಿ ತಿರುವಿಗೆ ನಿಮಿಷಗಳಲ್ಲ, ತಿಂಗಳುಗಳೇ ಬೇಕಾದವು. 1942ರ ನವೆಂಬರ್ 19ರಂದು ಸೋವಿಯತ್ ಸೇನೆ ನಗರದ ಮೇಲೆ ನೇರವಾಗಿ ಎರಗದೆ, ದೂರದ ಪಾರ್ಶ್ವಗಳಲ್ಲಿ ಕಾವಲಿದ್ದ ದುರ್ಬಲ ರೊಮೇನಿಯನ್ ದಳಗಳನ್ನು ಸೀಳಿಕೊಂಡು ಬಂತು. ನಾಲ್ಕೇ ದಿನಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಸೈನಿಕರು ಬೋನಿಗೆ ಬಿದ್ದರು. ವಿಮಾನಗಳಿಂದ ಅವರಿಗೆ ಬೇಕಾದುದನ್ನೆಲ್ಲ ಒದಗಿಸುವೆನೆಂದು ಗೋರಿಂಗ್ ಹಿಟ್ಲರನಿಗೆ ಮಾತು ಕೊಟ್ಟ. ದಿನಕ್ಕೆ ಕನಿಷ್ಠ 300 ಟನ್ ಬೇಕಿದ್ದಲ್ಲಿ ಸರಾಸರಿ 100 ಟನ್ನಿನಷ್ಟು ತಲುಪಿತು. ಸೈನಿಕರು ತಮ್ಮ ಕುದುರೆಗಳನ್ನೇ ಕೊಂದು ತಿಂದರು. ಬರ್ಲಿನ್ನಿನ ಭೂಪಟದಲ್ಲಿ ಆ ಸೇನೆ ಇನ್ನೂ ‘ಕೋಟೆ’ಯೆನಿಸಿಕೊಂಡಿದ್ದಾಗ, ಅಲ್ಲಿನ ಅಡುಗೆಯವನಿಗೆ ನಿಜಸ್ಥಿತಿ ಗೊತ್ತಿದ್ದಿರಬೇಕು. ಶರಣಾದ ಸುಮಾರು 91 ಸಾವಿರ ಮಂದಿಯಲ್ಲಿ ಮುಂದೆ ಮನೆ ಸೇರಿದವರು ಆರು ಸಾವಿರವನ್ನು ಮೀರಲಿಲ್ಲ.

ಇನ್ನು ನನ್ನ ತಪ್ಪಿನ ಮಾತು. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಮೂರೂ ಹೆಸರುಗಳು ದೂರದೇಶದವು. ನಮ್ಮದೇ ನೆಲದಲ್ಲಿ ನಡೆದ ತಿರುವನ್ನು ನಾನು ಬರೆಯಲೇ ಇಲ್ಲ; ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲವೆಂಬುದೊಂದೇ ನನ್ನ ನೆವ.

1942ರ ಮಾರ್ಚ್ 8ರಂದು ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿ ನಿಂತಿತು. ಆ ಅಕ್ಕಿಯನ್ನೇ ನಂಬಿದ್ದ ಮಲಬಾರು, ತಿರುವಾಂಕೂರುಗಳಲ್ಲಿ ಒಲೆಗಳು ತಣ್ಣಗಾದವು. ಮರುವರ್ಷ ಬಂಗಾಳದ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ. ಯುದ್ಧ ನಮ್ಮ ನಾಡಿಗೆ ಮೊದಲು ಬಂದದ್ದು ಬಂದೂಕಿನ ಮೂಲಕವಲ್ಲ, ಅನ್ನದ ತಟ್ಟೆಯ ಮೂಲಕ.

1944ರ ವಸಂತದಲ್ಲಿ ಜಪಾನಿನ ಸೇನಾಪತಿ ಮುತಗುಚಿ ಸುಮಾರು 85 ಸಾವಿರ ಸೈನಿಕರನ್ನು ಇಂಫಾಲ, ಕೊಹಿಮಾಗಳತ್ತ ನಡೆಸಿದ. ಅವರ ಬಳಿ ಮೂರು ವಾರಗಳಿಗೆ ಸಾಕಾಗುವಷ್ಟು ಆಹಾರವಿತ್ತು; ಉಳಿದುದನ್ನು ಬ್ರಿಟಿಷರ ಉಗ್ರಾಣಗಳಿಂದ ಕಿತ್ತುಕೊಳ್ಳುವ ಲೆಕ್ಕಾಚಾರ. ಕೊಹಿಮಾ ದಿಣ್ಣೆಯಲ್ಲಿ ಏಪ್ರಿಲ್ ಮೊದಲ ವಾರದಿಂದ ಎರಡು ವಾರ, ಜಪಾನಿನ ಇಡೀ ಒಂದು ಡಿವಿಜನ್ನನ್ನು ಸುಮಾರು 1500 ಮಂದಿ ತಡೆದು ನಿಂತರು. ಅಸ್ಸಾಮ್ ರೆಜಿಮೆಂಟಿನವರೂ ಅಸ್ಸಾಮ್ ರೈಫಲ್ಸಿನವರೂ ಅವರಲ್ಲಿದ್ದರು. ನಾಗಾ ಹಳ್ಳಿಗರು ದಾರಿ ತೋರಿಸಿದರು, ಗಾಯಾಳುಗಳನ್ನು ಹೊತ್ತರು. ಡೆಪ್ಯುಟಿ ಕಮಿಷನರರ ಬಂಗಲೆಯ ಟೆನ್ನಿಸ್ ಅಂಗಳದ ಒಂದು ಬದಿಗೆ ಇವರು, ಇನ್ನೊಂದು ಬದಿಗೆ ಅವರು. ಕೈಬಾಂಬುಗಳು ಅಂಗಳದ ಮೇಲಿಂದ ಅತ್ತಿತ್ತ ಹಾರಿದವು.

ಜಪಾನಿನ ಕಡೆಯ ದಳಪತಿ ಸಾತೋ ಹಸಿದ ಸೈನಿಕರಿಗೆ ಅಕ್ಕಿ ಕಳುಹಿಸೆಂದು ಮತ್ತೆ ಮತ್ತೆ ಬೇಡಿದ. ಬರಲಿಲ್ಲ. ಕೊನೆಗೆ ಮೇಲಧಿಕಾರಿಯ ಆಜ್ಞೆಯನ್ನು ಮೀರಿ ಹಿಂದೆಗೆದ. ಆತನನ್ನು ಸ್ಥಾನದಿಂದ ತೆಗೆದು, ಬುದ್ಧಿ ಕೆಟ್ಟಿದೆಯೆಂದು ಸಾರಲಾಯಿತು. ಹುಡುಗಿಯ ಪ್ರಶ್ನೆಗೆ ‘ಗೊತ್ತಿತ್ತು’ ಎಂದು ಉತ್ತರಿಸಬಲ್ಲ ಒಬ್ಬನೇ ಒಬ್ಬ ಈ ಸಾತೋ ಎಂದು ನನಗೆ ತೋರುತ್ತದೆ. ಜೂನ್ 22ರಂದು ಇಂಫಾಲದ ದಾರಿ ತೆರೆಯಿತು. ಹಿಂದಿರುಗುವ ದಾರಿಯಲ್ಲಿ, ಮಳೆಗಾಲದ ಕೆಸರಿನಲ್ಲಿ, ಹಸಿವು ಮತ್ತು ಜ್ವರದಿಂದ ಸತ್ತ ಜಪಾನೀಯರಿಗೆ ಲೆಕ್ಕವಿಲ್ಲ.

ಈ ಕತೆಯನ್ನು ತರಗತಿಯಲ್ಲಿ ಹೇಳುವುದು ಸುಲಭವಲ್ಲ, ಏಕೆಂದರೆ ಇಲ್ಲಿ ಎರಡೂ ಕಡೆ ನಮ್ಮವರಿದ್ದರು. ಬ್ರಿಟಿಷರ ಕೆಳಗಿನ ಭಾರತೀಯ ಸೇನೆ ಒಂದು ಕಡೆ. ಜಪಾನೀಯರ ಜೊತೆ ಬಂದು ಮೊಯಿರಾಂಗಿನಲ್ಲಿ ತ್ರಿವರ್ಣ ಧ್ವಜವೇರಿಸಿದ ನೇತಾಜಿಯವರ ಆಜಾದ್ ಹಿಂದ್ ಫೌಜು ಇನ್ನೊಂದು ಕಡೆ. ಕೊಡಗಿನ ಕೆ. ಎಸ್. ತಿಮ್ಮಯ್ಯನವರು 1945ರಲ್ಲಿ ಅರಕಾನಿನಲ್ಲಿ ಜಪಾನೀಯರ ವಿರುದ್ಧ ಬ್ರಿಗೇಡನ್ನು ನಡೆಸಿದವರು. ಅವರ ಸ್ವಂತ ಅಣ್ಣ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಆ ಮನೆಯ ತಾಯಿಗೆ ಯಾವ ಕದನ ಗೆಲುವಿನ ತಿರುವು, ಯಾವುದು ಸೋಲಿನದು? ಈ ಪ್ರಶ್ನೆಯನ್ನು ಪರೀಕ್ಷೆಗೆ ಕೊಟ್ಟವರನ್ನು ನಾನು ಕಂಡಿಲ್ಲ.

ಕೊಹಿಮಾದ ಆ ದಿಣ್ಣೆ ಈಗ ಯುದ್ಧಸ್ಮಶಾನ. 1420 ಸಮಾಧಿಗಳಿವೆ. ತಮ್ಮ ಧರ್ಮದಂತೆ ದಹನಗೊಂಡ 917 ಹಿಂದೂ, ಸಿಖ್ ಸೈನಿಕರಿಗಾಗಿ ಬೇರೆಯೇ ಒಂದು ಸ್ಮಾರಕವಿದೆ. ಬಂಗಲೆ ಅಂದೇ ನೆಲಸಮವಾಯಿತು; ಟೆನ್ನಿಸ್ ಅಂಗಳದ ಗೆರೆಗಳನ್ನು ಮಾತ್ರ ಹುಲ್ಲಿನ ನಡುವೆ ಕಾಂಕ್ರೀಟಿನಲ್ಲಿ ಎಳೆದು ಉಳಿಸಿದ್ದಾರೆ.