ಊರಿಗೆ ಒಪ್ಪಿಸಬೇಕಾದ ಲೆಕ್ಕ: ಕಂಪನಿಗಳ ಸಾಮಾಜಿಕ ಹೊಣೆ ಮತ್ತು ಸುಸ್ಥಿರತೆಯ ವರದಿಗಳು



ಕಂಪನಿಗಳ ವಾರ್ಷಿಕ ವರದಿ ದತ್ತಿ ಉಪನ್ಯಾಸಕ್ಕೆ ಒಗ್ಗುವ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಒಗ್ಗುತ್ತದೆ ಎಂಬುದು ನನ್ನ ನಂಬಿಕೆ. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಬಹುಕಾಲ ಇದನ್ನು ಕಾಡು, ಬೇಸಾಯ, ಕರಿಕಲ್ಲು, ಮಾದಪ್ಪನ ಬೆಟ್ಟ ಇವುಗಳಿಂದಲೇ ಗುರುತಿಸುತ್ತಿದ್ದರು. ಈಗ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಬಂದಿದೆ. ಗ್ರಾಸಿಂ ಕಂಪನಿ ದೇಶದಲ್ಲಿ ಕಟ್ಟಿರುವ ಬಿರ್ಲಾ ಓಪಸ್ ಬಣ್ಣದ ಆರು ಕಾರ್ಖಾನೆಗಳಲ್ಲಿ ಒಂದು ಚಾಮರಾಜನಗರದಲ್ಲಿದೆ. ಪಕ್ಕದ ನಂಜನಗೂಡಿನಲ್ಲಿ ನೆಸ್ಲೆ, ಏಷ್ಯನ್ ಪೇಂಟ್ಸ್, ಜುಬಿಲಂಟ್ ಇವೆ. ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಬೆಳಗಿನ ರೈಲು, ಬಸ್ಸು ಹಿಡಿದು ಆ ಕಡೆ ದುಡಿಯಲು ಹೋಗುತ್ತಾರೆ.

ದೊಡ್ಡ ಕಂಪನಿಗಳು ವರ್ಷಕ್ಕೊಮ್ಮೆ ತಮ್ಮ ಬಗ್ಗೆ ತಾವೇ ಬರೆದುಕೊಳ್ಳುತ್ತವೆ. ಎಷ್ಟು ನೀರು ಎತ್ತಿದೆವು, ಎಷ್ಟು ಹೊಗೆ ಬಿಟ್ಟೆವು, ಎಷ್ಟು ಕಾರ್ಮಿಕರಿಗೆ ಪೆಟ್ಟಾಯಿತು, ಯಾವ ಶಾಲೆಗೆ ಹಣ ಕೊಟ್ಟೆವು ಎಂಬುದೆಲ್ಲ ಅದರಲ್ಲಿರುತ್ತದೆ. ಓದುವವರು ಮುಂಬಯಿಯ ಹೂಡಿಕೆದಾರರು ಮತ್ತು ದರ್ಜೆ ನಿಗದಿ ಮಾಡುವ ಸಂಸ್ಥೆಯವರು. ಯಾರ ನೀರಿನ ಬಗ್ಗೆ ಬರೆದಿದೆಯೋ ಅವರ ಕೈಗೆ ಅದು ಬರುವುದಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ವರದಿಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದರೂ ಅವುಗಳೊಳಗಿಂದ ಜಿಲ್ಲೆಯ ಹೆಸರು ಜಾರಿಹೋಗುತ್ತಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ನಮ್ಮ ನೆಲಕ್ಕೆ ಇಂಥ ಲೆಕ್ಕ ಹೊಸದಲ್ಲ. ಬಿ.ಎಲ್. ರೈಸ್ ಅವರು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ತಾಲ್ಲೂಕುಗಳ ಶಾಸನಗಳಿವೆ. ದಾನಶಾಸನವೊಂದರಲ್ಲಿ ಏನೇನಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಊರಿನ ಯಾವ ಗದ್ದೆ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು. ಕಲ್ಲು ನಿಲ್ಲುತ್ತಿದ್ದದ್ದು ಸಾಮಾನ್ಯವಾಗಿ ಅದೇ ಊರಿನಲ್ಲಿ, ಬಹುಪಾಲು ಅಲ್ಲಿಯ ಮಾತಿನಲ್ಲೇ. ಕೊಟ್ಟ ದತ್ತಿ ತಪ್ಪಿದರೆ ಕೇಳುವ ಅವಕಾಶ ಊರಿನವರಿಗೆ ಇರಲಿ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಈಗಿನ ಯಾವ ವರದಿಯನ್ನು ಓದುವಾಗಲೂ ನಾನು ಅಂಥ ಶಾಸನವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.

ಈ ವರದಿಗಳ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಸಮಾಜಕ್ಕೆ ತನ್ನಿಂದ ಏನಾಯಿತು ಎಂದು ಹೊರಗಿನವರಿಂದ ತಪಾಸಣೆ ಮಾಡಿಸಿಕೊಂಡ ಭಾರತದ ಮೊದಲ ದೊಡ್ಡ ಕಂಪನಿ ಟಾಟಾ ಸ್ಟೀಲ್. ಜೆ.ಆರ್.ಡಿ. ಟಾಟಾ ಅವರ ಕಾಲದಲ್ಲಿ, 1979ರ ಸುಮಾರಿಗೆ, ನ್ಯಾಯಮೂರ್ತಿ ಎಸ್.ಪಿ. ಕೋತವಾಲ್ ಅವರ ಅಧ್ಯಕ್ಷತೆಯ ಸಮಿತಿಯೊಂದು ಆ ಕೆಲಸ ಮಾಡಿತು. ಅಮೆರಿಕದ ಬಾಸ್ಟನ್‌ನಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಶಿಯೇಟಿವ್ ಎಂಬ ಸಂಸ್ಥೆ 1997ರಲ್ಲಿ, ನಮ್ಮ ಜಿಲ್ಲೆ ಹುಟ್ಟಿದ ವರ್ಷವೇ, ಆರಂಭವಾಗಿ ಇಂಥ ವರದಿಗೆ ಜಗತ್ತಿಗೆಲ್ಲ ಒಂದು ನಮೂನೆ ಕೊಟ್ಟಿತು. ನಮ್ಮಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2012ರಲ್ಲಿ ದೊಡ್ಡ 100 ಕಂಪನಿಗಳಿಂದ ಶುರುಮಾಡಿ, ಷೇರುಪೇಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳಿಗೆ 2022-23ರಿಂದ ‘ಬಿಆರ್‌ಎಸ್‌ಆರ್’ ವರದಿಯನ್ನು ಕಡ್ಡಾಯಗೊಳಿಸಿತು. ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ವರದಿ ಅದು. ಇದಕ್ಕೆ ಸಮಾನಾಂತರವಾಗಿ ಬಂದದ್ದು 2013ರ ಕಂಪನಿ ಕಾಯ್ದೆಯ 135ನೇ ಕಲಮು. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ನಮ್ಮ ಶಾಲೆಗಳ ಗೋಡೆಯ ಮೇಲೆ ‘ಸಿಎಸ್‌ಆರ್ ನಿಧಿಯಿಂದ’, ಅಂದರೆ ಕಂಪನಿಯ ಸಾಮಾಜಿಕ ಹೊಣೆಯ ನಿಧಿಯಿಂದ, ಎಂದು ಬರೆದಿರುವುದು ಇದೇ ಹಣದ ಬಗ್ಗೆ.

ಈಗ ನೀರಿನ ಪುಟಕ್ಕೆ ಬರೋಣ. ಬಿಆರ್‌ಎಸ್‌ಆರ್‌ನ ಆರನೆಯ ತತ್ವ ಪರಿಸರದ್ದು. ನದಿ, ಕೆರೆಯಿಂದ ಎಷ್ಟು, ಅಂತರ್ಜಲದಿಂದ ಎಷ್ಟು, ಹೊರಗಿನವರಿಂದ ಕೊಂಡದ್ದು ಎಷ್ಟು ಎಂದು ಕಿಲೋಲೀಟರ್ ಲೆಕ್ಕದಲ್ಲಿ ಕೋಷ್ಟಕ ಕೇಳುತ್ತದೆ. ಕಂಪನಿ ತುಂಬುತ್ತದೆ. ಆದರೆ ಆ ಅಂಕಿ ಇಡೀ ಕಂಪನಿಯದು. ಗ್ರಾಸಿಂನಂಥ ಕಂಪನಿಗೆ ಹಲವು ರಾಜ್ಯಗಳಲ್ಲಿ ಕಾರ್ಖಾನೆಗಳಿವೆ. ಬದನಗುಪ್ಪೆಯ ನೀರು ಆ ಮೊತ್ತದೊಳಗೆ ಕರಗಿಹೋಗುತ್ತದೆ. ಅದರ ಕೆಳಗೆ ಇನ್ನೊಂದು ಸಾಲು, ಒಂದು ರೂಪಾಯಿ ವಹಿವಾಟಿಗೆ ಎಷ್ಟು ನೀರು ಎಂಬುದು. ವಿದ್ಯಾರ್ಥಿಗಳು ಇಲ್ಲಿ ಎಚ್ಚರವಾಗಿರಬೇಕು. ನೀರಿನ ಬಳಕೆ ಶೇ. 10 ಏರಿ ವಹಿವಾಟು ಶೇ. 20 ಏರಿತು ಎನ್ನಿ. ಈ ಸಾಲಿನ ಅಂಕಿ ಇಳಿಯುತ್ತದೆ, ವರದಿಯ ಮುಖಪುಟದಲ್ಲಿ ನೀರಿನ ಬಳಕೆ ಸುಧಾರಿಸಿತು ಎಂದು ಬರುತ್ತದೆ. ಕೊಳವೆಬಾವಿಗೆ ಮಾತ್ರ ಆ ಶೇ. 10ರ ಏರಿಕೆಯೇ ಸತ್ಯ.

ನೀರಿನ ಅಭಾವವಿರುವ ಪ್ರದೇಶಗಳಲ್ಲಿ ಎಷ್ಟು ಎತ್ತಿದಿರಿ, ಆ ಪ್ರದೇಶದ ಹೆಸರೇನು ಎಂಬ ಪ್ರಶ್ನೆಯೂ ನಮೂನೆಯಲ್ಲಿದೆ. ನಮಗೆ ಬೇಕಾದದ್ದು ಇದೇ. ಗುಂಡ್ಲುಪೇಟೆ ಮಳೆನೆರಳಿನ ತಾಲ್ಲೂಕು. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಹೆಸರು ಸೇರಿದ ತಾಲ್ಲೂಕು. ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ನಮ್ಮ ಕೆರೆಗಳಿಗೆ ತುಂಬಿಸಬೇಕಾಗಿ ಬಂದದ್ದು ಅದಕ್ಕೇ. ಹೀಗಿರುವಾಗ ಆ ಪ್ರಶ್ನೆಯನ್ನು ಇಟ್ಟಿರುವುದು ‘ನಾಯಕತ್ವದ ಸೂಚಕ’ಗಳ ಗುಂಪಿನಲ್ಲಿ. ಮನಸ್ಸಿದ್ದರೆ ಉತ್ತರಿಸಬಹುದು, ಇಲ್ಲದಿದ್ದರೆ ಬಿಡಬಹುದು. ಒಣಭೂಮಿಯ ಜನಕ್ಕೆ ಅತ್ಯಗತ್ಯವಾದ ಪ್ರಶ್ನೆಯನ್ನು ಐಚ್ಛಿಕ ಮಾಡಿದ್ದು ತಪ್ಪು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಜಿಲ್ಲೆಯ ಹೆಸರು ಜಾರಿಹೋಗುತ್ತಿದೆ ಎಂದೆನಲ್ಲ, ಅದಕ್ಕೆ ಎರಡು ನಿದರ್ಶನ ಕೊಡುತ್ತೇನೆ. 2021ರ ಬಿಆರ್‌ಎಸ್‌ಆರ್ ನಮೂನೆಯ ಎಂಟನೆಯ ತತ್ವದಲ್ಲಿ ಒಂದು ಒಳ್ಳೆಯ ಪ್ರಶ್ನೆ ಇತ್ತು: ನೀವು ಕೊಳ್ಳುವ ಕಚ್ಚಾ ಸಾಮಗ್ರಿಯಲ್ಲಿ ಕಾರ್ಖಾನೆ ಇರುವ ಜಿಲ್ಲೆ ಮತ್ತು ನೆರೆ ಜಿಲ್ಲೆಗಳಿಂದ ಬಂದದ್ದು ಶೇಕಡ ಎಷ್ಟು? ಸ್ಥಳೀಯರಿಂದ ಎಷ್ಟು ಕೊಂಡರು ಎಂಬುದು ಅದರಿಂದ ತಿಳಿಯುತ್ತಿತ್ತು. 2023ರ ಜುಲೈನಲ್ಲಿ ನಮೂನೆ ಪರಿಷ್ಕರಣೆಯಾದಾಗ ಆ ಸಾಲು ‘ಭಾರತದೊಳಗಿನಿಂದ ಶೇಕಡ ಎಷ್ಟು’ ಎಂದಾಯಿತು. ಗುಂಡ್ಲುಪೇಟೆಯಿಂದ ಕೊಂಡರೂ ಗುಜರಾತಿನಿಂದ ಕೊಂಡರೂ ಈಗ ಉತ್ತರ ಒಂದೇ.

ಎರಡನೆಯದು ಸಿಎಸ್‌ಆರ್ ವರದಿ. 2021ರ ನಿಯಮದ ಪ್ರಕಾರ ಕಂಪನಿ ತನ್ನ ವಾರ್ಷಿಕ ವರದಿಯಲ್ಲಿ ಒಂದೊಂದು ಕಾಮಗಾರಿಯ ಹೆಸರು, ರಾಜ್ಯ, ಜಿಲ್ಲೆ, ಖರ್ಚು, ಮಾಡಿಸಿದ ಸಂಸ್ಥೆ ಇಷ್ಟನ್ನೂ ಸಾಲುಸಾಲಾಗಿ ಕೊಡಬೇಕಿತ್ತು. ‘ಚಾಮರಾಜನಗರ’ ಎಂಬ ಪದ ಹುಡುಕಿದರೆ ಸಾಕಾಗಿತ್ತು. 2022ರ ಸೆಪ್ಟೆಂಬರ್ ತಿದ್ದುಪಡಿ ಆ ಪಟ್ಟಿಯನ್ನು ವಾರ್ಷಿಕ ವರದಿಯಿಂದ ತೆಗೆದು ಒಟ್ಟು ಮೊತ್ತವನ್ನಷ್ಟೇ ಉಳಿಸಿತು. ಕಾಮಗಾರಿವಾರು ವಿವರ ಸರ್ಕಾರಕ್ಕೆ ಸಲ್ಲಿಸುವ ಸಿಎಸ್‌ಆರ್-2 ನಮೂನೆಗೆ ಹೋಯಿತು. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಜಿಲ್ಲಾವಾರು ಮೊತ್ತ ಸಿಗುತ್ತದೆ ನಿಜ, ಆದರೆ ವರ್ಷ ಕಳೆದ ಮೇಲೆ. ಕಾರ್ಖಾನೆಯ ಸುತ್ತಲ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು 135ನೇ ಕಲಮೇ ಹೇಳುತ್ತದೆ. ಪಟ್ಟಿಯೇ ಕಣ್ಣೆದುರು ಇಲ್ಲದಿದ್ದರೆ ಆದ್ಯತೆ ಕೊಟ್ಟರೋ ಬಿಟ್ಟರೋ ನೋಡುವುದು ಹೇಗೆ?

ಹಿಂದುಳಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಲ್ಲಿ ಎಷ್ಟು ಖರ್ಚು ಮಾಡಿದಿರಿ ಎಂದು ಬಿಆರ್‌ಎಸ್‌ಆರ್ ಕೇಳುತ್ತದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವುದು ರಾಯಚೂರು, ಯಾದಗಿರಿ ಎರಡೇ. ಆ ಜಿಲ್ಲೆಗಳಿಗೆ ಸಿಗುವುದು ಸಿಗಲಿ. ನಮ್ಮ ಜಿಲ್ಲೆಯ ಮಾತು ಅಲ್ಲಿಯೂ ಬರುವುದಿಲ್ಲ ಎಂಬುದು ನಾವು ತಿಳಿದಿರಬೇಕಾದ ಸಂಗತಿ.

2022ರ ತಿದ್ದುಪಡಿ ಒಂದು ಕಿಂಡಿಯನ್ನು ಬಿಟ್ಟಿದೆ. ಸಿಎಸ್‌ಆರ್ ಹಣದಿಂದ ಕಟ್ಟಡ, ಯಂತ್ರ ಮುಂತಾದ ಸ್ಥಿರ ಆಸ್ತಿ ಮಾಡಿದ್ದರೆ ಅದರ ಪೂರ್ಣ ವಿಳಾಸ, ಪಿನ್‌ಕೋಡ್, ಮಾಡಿದ ದಿನಾಂಕ, ಖರ್ಚು, ಈಗ ಅದರ ಒಡೆತನ ಯಾರದು ಎಂಬುದನ್ನು ವಾರ್ಷಿಕ ವರದಿಯಲ್ಲೇ ಕೊಡಬೇಕು. ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಕಂಪನಿಯ ವಾರ್ಷಿಕ ವರದಿಯನ್ನು ಮೊಬೈಲಿಗೆ ಇಳಿಸಿಕೊಳ್ಳಿ; ಹುಡುಕುವ ಜಾಗದಲ್ಲಿ 571111 ಎಂದು ಒತ್ತಿ. ಅದು ಗುಂಡ್ಲುಪೇಟೆಯ ಪಿನ್‌ಕೋಡ್. ಆಮೇಲೆ 571313 ಒತ್ತಿ, ಚಾಮರಾಜನಗರ. ಸಾಲು ಸಿಕ್ಕರೆ ಆ ವಿಳಾಸಕ್ಕೆ ಹೋಗಿ ನೋಡಿ. ಶುದ್ಧ ಕುಡಿಯುವ ನೀರಿನ ಘಟಕವೆಂದು ಬರೆದಿದ್ದರೆ ನಾಣ್ಯ ಹಾಕಿದಾಗ ನೀರು ಬರುತ್ತದೆಯೇ, ಫಿಲ್ಟರ್ ಬದಲಾಯಿಸುವವರು ಯಾರು, ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ. ವರದಿ ಉದ್ಘಾಟನೆಯ ವರ್ಷವನ್ನು ದಾಖಲಿಸುತ್ತದೆ. ಮೂರನೆಯ ವರ್ಷ ಘಟಕ ನಡೆಯುತ್ತಿದೆಯೇ ಎಂದು ದಾಖಲಿಸುವವರಿಲ್ಲ. ಪರಿಣಾಮದ ಮೌಲ್ಯಮಾಪನ ಕಡ್ಡಾಯವಾಗಿರುವುದು ಸಿಎಸ್‌ಆರ್ ಹೊಣೆಯೇ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಕಂಪನಿಗಳ, 1 ಕೋಟಿ ಅಥವಾ ಹೆಚ್ಚು ವೆಚ್ಚದ ಯೋಜನೆಗಳಿಗೆ ಮಾತ್ರ. ಒಂದು ಹಳ್ಳಿಯ ನೀರಿನ ಘಟಕ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಈ ವರದಿಗಳು ಮುಟ್ಟದೇ ಇರುವವರ ಮಾತನ್ನೂ ಆಡಬೇಕು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಬಿಳಿಕಲ್ಲು ಕ್ವಾರಿಯ ಗುಡ್ಡ ಕುಸಿದು ಕಾರ್ಮಿಕರು ಬಂಡೆಗಳಡಿ ಸಿಕ್ಕಿ ಸತ್ತರು. ಕೆಲಸದ ಜಾಗದಲ್ಲಿ ಎಷ್ಟು ಸಾವು, ಎಷ್ಟು ಗಾಯ ಎಂಬುದು ಬಿಆರ್‌ಎಸ್‌ಆರ್‌ನಲ್ಲಿ ಕಡ್ಡಾಯದ ಪ್ರಶ್ನೆ. ಆದರೆ ಅದು ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ. ನಮ್ಮ ಕಲ್ಲು ಕ್ವಾರಿ, ಕ್ರಷರ್, ಇಟ್ಟಿಗೆ ಗೂಡು ಈ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಹೆಚ್ಚು ಅಪಾಯದ ದುಡಿಮೆ ಎಲ್ಲಿದೆಯೋ ಅಲ್ಲಿ ವರದಿಯೇ ಇಲ್ಲ. ಆ ಕಲ್ಲು ಅಂತಿಮವಾಗಿ ದೊಡ್ಡ ಕಂಪನಿಯೊಂದರ ರಸ್ತೆಗೋ ಕಟ್ಟಡಕ್ಕೋ ಸೇರಬಹುದು. ಪೂರೈಕೆದಾರರ ವಿವರವನ್ನೂ ಕೊಡಬೇಕೆಂದು ಸೆಬಿ 2023ರಲ್ಲಿ ಹೇಳಿತು. ಅದು ಜಾರಿಯಾಗಿದ್ದರೆ ಈ ಕತ್ತಲೆಗೆ ಸ್ವಲ್ಪ ಬೆಳಕು ಬೀಳುತ್ತಿತ್ತು. ಕಂಪನಿಗಳು ಹೊರೆ ಎಂದವು, ಸೆಬಿ ಅದನ್ನು ಐಚ್ಛಿಕಕ್ಕೆ ಇಳಿಸಿತು.

ಚೆಂಡುಹೂವಿನ ಬೆಳೆಗಾರರೂ ಇದೇ ಸರಪಳಿಯ ಕೊನೆಯಲ್ಲಿದ್ದಾರೆ. ಊಟಿ ರಸ್ತೆಯ ಪ್ರವಾಸಿಗರು ಹಳದಿ ಹೊಲದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವು ಮಾರುಕಟ್ಟೆಯ ಮಾಲೆಗಷ್ಟೇ ಹೋಗುವುದಿಲ್ಲ. ಬಣ್ಣದ ಸತ್ವ ತೆಗೆಯುವ ಕಂಪನಿಗಳೂ ಮುಂಚಿತ ಒಪ್ಪಂದ ಮಾಡಿಕೊಂಡು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತವೆ. ಕೋಳಿ ಆಹಾರಕ್ಕೆ, ಕಣ್ಣಿನ ಆರೋಗ್ಯದ ಗುಳಿಗೆಗೆ ಆ ಸತ್ವ ಬಳಕೆಯಾಗುತ್ತದೆ. ಗುಳಿಗೆಯ ಡಬ್ಬಿ ಮಾರುವ ವಿದೇಶಿ ಕಂಪನಿಯ ವರದಿಯಲ್ಲಿ ‘ನಮ್ಮ ರೈತರು’ ಎಂಬ ಅಧ್ಯಾಯ ಇರಬಹುದು. ರೈತನಿಗೆ ಸಿಕ್ಕ ದರ, ಮಳೆಗೆ ಹೂ ಕೊಳೆತಾಗ ನಷ್ಟ ಹೊತ್ತವರು ಯಾರು ಎಂಬ ಎರಡು ಸಾಲು ಅಲ್ಲಿ ಇರಬೇಕು ಎಂಬುದು ನನ್ನ ಬೇಡಿಕೆ.

ನಮೂನೆಯಲ್ಲಿರುವ ಇನ್ನೊಂದು ಪ್ರಶ್ನೆ ಬಿಳಿಗಿರಿರಂಗನ ಬೆಟ್ಟಕ್ಕೆ ಸಂಬಂಧಿಸಿದ್ದು. ಸಾಂಪ್ರದಾಯಿಕ ಜ್ಞಾನವನ್ನು ಆಧರಿಸಿದ ಬೌದ್ಧಿಕ ಆಸ್ತಿಯಿಂದ ಬಂದ ಲಾಭವನ್ನು ಯಾರೊಂದಿಗೆ ಹಂಚಿಕೊಂಡಿರಿ ಎಂದು ಅದು ಕೇಳುತ್ತದೆ. ಜೇನು, ನೆಲ್ಲಿ, ಮಾಗಳಿ ಬೇರು ಇವುಗಳ ಬಗ್ಗೆ ಆ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ ತಿಳಿದಿರುವಷ್ಟು ಯಾರಿಗೆ ತಿಳಿದಿದೆ? 2011ರಲ್ಲಿ ಅವರ ಸಮುದಾಯದ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿತು. ವರದಿಗಳಲ್ಲಿ ಈ ಪ್ರಶ್ನೆಯ ಎದುರು ಮತ್ತೆ ಮತ್ತೆ ಕಾಣುವ ಉತ್ತರ ‘ಅನ್ವಯಿಸುವುದಿಲ್ಲ’. ಯಾಕೆ ಅನ್ವಯಿಸುವುದಿಲ್ಲ ಎಂದು ಕಂಪನಿ ಒಂದು ವಾಕ್ಯದಲ್ಲಾದರೂ ಹೇಳಲಿ. ಕಾಡಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಯೂ ಇದೆ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. ಇಂಥ ವಲಯದಲ್ಲಿ ನಿಮ್ಮ ಚಟುವಟಿಕೆ ಇದೆಯೇ ಎಂಬ ಪ್ರಶ್ನೆ ಮಾತ್ರ ಕಡ್ಡಾಯ. ಅದಕ್ಕೆ ಬರೆದ ಉತ್ತರವನ್ನು ನೆಲದ ಮೇಲೆ ತಾಳೆ ನೋಡಬಲ್ಲವರು ಗುಂಡ್ಲುಪೇಟೆ ತಾಲ್ಲೂಕಿನವರೇ.

ಕೊನೆಯದಾಗಿ ಭಾಷೆಯ ವಿಷಯ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ಯೋಜನೆಗಳಿಗೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಷೇರುಪೇಟೆಯ ಕಂಪನಿ ತನ್ನ ಹಣಕಾಸು ಫಲಿತಾಂಶದ ಜಾಹೀರಾತನ್ನು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಆದರೆ ಅದು ನೋಂದಾಯಿತ ಕಚೇರಿ ಇರುವ ಊರಿನ ಭಾಷೆ. ಗ್ರಾಸಿಂನ ನೋಂದಾಯಿತ ಕಚೇರಿ ಮಧ್ಯಪ್ರದೇಶದ ನಾಗ್ದಾದಲ್ಲಿದೆ. ಕಾರ್ಖಾನೆಗೆ ಒಪ್ಪಿಗೆ ಬೇಕಾದಾಗ ಕನ್ನಡ ಬೇಕಾಗುತ್ತದೆ, ಕಾರ್ಖಾನೆ ನಡೆಯತೊಡಗಿದ ಮೇಲೆ ವರದಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಇದನ್ನು ಸರಿಪಡಿಸಲು ದೊಡ್ಡ ಕಾನೂನೇನೂ ಬೇಡ. ಒಂದು ಕಾರ್ಖಾನೆಗೆ ನಾಲ್ಕು ಪುಟದ ಕನ್ನಡ ವರದಿ ಸಾಕು. ಈ ಜಾಗದಲ್ಲಿ ಎತ್ತಿದ ನೀರು, ಹೊರಬಿಟ್ಟ ತ್ಯಾಜ್ಯ, ಜಿಲ್ಲೆಯವರಿಗೆ ಕೊಟ್ಟ ಕಾಯಂ ಮತ್ತು ಗುತ್ತಿಗೆ ಕೆಲಸ, ಆದ ಅಪಘಾತ, ಇಲ್ಲಿ ಖರ್ಚಾದ ಸಿಎಸ್‌ಆರ್ ಹಣ ಇಷ್ಟನ್ನು ಬರೆದು ಗ್ರಾಮ ಪಂಚಾಯಿತಿಗೆ ತಲುಪಿಸಿ, ಗ್ರಾಮಸಭೆಯಲ್ಲಿ ಓದಿಸಲಿ. ಒಟ್ಟು ಅಂಕಿ ಕೂಡುವ ಮುನ್ನ ಕಂಪನಿಯ ಬಳಿ ಕಾರ್ಖಾನೆವಾರು ಅಂಕಿ ಇದ್ದೇ ಇರುತ್ತದೆ. ಹೊಸದಾಗಿ ಲೆಕ್ಕ ಹಾಕಬೇಕಾದ್ದೇನೂ ಇಲ್ಲ.

ಈ ಬೇಡಿಕೆಯನ್ನು ಜಿಲ್ಲಾಡಳಿತದ ಮುಂದೆ, ಕೈಗಾರಿಕಾ ಪ್ರದೇಶದ ಕಂಪನಿಗಳ ಮುಂದೆ ಇಡಬೇಕೆಂದು ಇಲ್ಲಿರುವ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ವಾಣಿಜ್ಯ ವಿಭಾಗದ ಅಧ್ಯಾಪಕರು ಅಂತಿಮ ವರ್ಷದ ಯೋಜನಾ ವರದಿಗೆ ಬೇರೆ ವಿಷಯ ಹುಡುಕುವ ಬದಲು ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಕಂಪನಿಯ ವರದಿ ಕೊಡಲಿ. ನಂಜನಗೂಡು, ಬದನಗುಪ್ಪೆಯಲ್ಲಿ ಕಾರ್ಖಾನೆ ಇರುವ ಕಂಪನಿಗಳಿಂದಲೇ ಆರಂಭಿಸಿ, ನಮ್ಮ ಜಿಲ್ಲೆಗೆ ಸಂಬಂಧಿಸಿದ ಸಾಲುಗಳನ್ನು ಕನ್ನಡದಲ್ಲಿ ಬರೆದು ಆಯಾ ಪಂಚಾಯಿತಿಗೆ ಈ ವರ್ಷವೇ ಒಂದು ಪ್ರತಿ ಕೊಟ್ಟುಬನ್ನಿ.