ಗಂಜಿ ಹೋದ ಮೇಲೆ ಉಳಿಯುವ ಬಟ್ಟೆ

ಮೈ ತುಂಬ ಮುಚ್ಚುವ ಹೆಣ್ಣುಮಕ್ಕಳ ಉಡುಪು ಕೈಗೆಟುಕುವ ಬೆಲೆಗೆ ಸಿಗುವುದಿಲ್ಲ ಎಂಬುದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ಮತ್ತೆ ಮತ್ತೆ ಎತ್ತುವ ದೂರು. ಉದ್ದ ತೋಳು ಬೇಕೆಂದರೆ ಬೆಲೆ ಏರುತ್ತದೆ. ಬೆಲೆ ಇಳಿಸಿದರೆ ಬಟ್ಟೆ ತೆಳುವಾಗುತ್ತದೆ. ನಾಲ್ಕು ಸಲ ಒಗೆಯುವುದರೊಳಗೆ ಅಳತೆ ಗಿಡ್ಡವಾಗಿ ಒಳಗಿನದೆಲ್ಲ ಹೊರಗೆ ಕಾಣತೊಡಗುತ್ತದೆ. ದೂರಿನಲ್ಲಿ ಹುರುಳಿದೆ. ಆದರೆ ಹೆಚ್ಚು ದುಡ್ಡು ಕೊಟ್ಟರೆ ತಾಪತ್ರಯ ತಪ್ಪುತ್ತದೆ ಎಂಬ ತೀರ್ಮಾನದಲ್ಲಿ ಹುರುಳಿಲ್ಲ. ದುಬಾರಿ ಬಟ್ಟೆಯೂ ಹೀಗೆಯೇ ಕೈಕೊಡುತ್ತದೆ.

ಎಷ್ಟು ಮುಚ್ಚಬೇಕು ಎಂಬುದು ಆಯಾ ಹೆಣ್ಣುಮಗಳಿಗೆ ಬಿಟ್ಟ ವಿಷಯ. ಕಚ್ಚೆ ಹಾಕಿ ಹೊಲಕ್ಕೆ ಹೋಗುವವರು, ತಲೆಯ ಮೇಲೆ ಸೆರಗು ಹೊದ್ದು ಜಾತ್ರೆಗೆ ಹೋಗುವವರು, ಚೂಡಿದಾರ ತೊಟ್ಟು ಬಸ್ಸು ಹತ್ತುವ ಕಾಲೇಜು ಹುಡುಗಿಯರು, ಬುರ್ಖಾ ಧರಿಸುವವರು, ಎಲ್ಲರೂ ಬಟ್ಟೆಯಿಂದ ಬಯಸುವುದು ಮೂರು ಗುಣಗಳನ್ನು. ಬಟ್ಟೆಯಾಚೆ ಮೈ ಕಾಣಬಾರದು. ಬಟ್ಟೆ ಮೈಗೆ ಅಂಟಬಾರದು. ಬಗ್ಗಿದಾಗ, ಕೈ ಎತ್ತಿದಾಗ ಜಾಗ ಬಿಟ್ಟು ಸರಿಯಬಾರದು. ಮೊದಲಿನ ಎರಡು ನೂಲು, ನೇಯ್ಗೆಗಳಿಗೆ ಸೇರಿದ ಸಂಗತಿ, ಮೂರನೆಯದು ಹೊಲಿಗೆಗೆ ಸೇರಿದ್ದು.

ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಇವೆರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಂಡಿಗಳು. ಬಹುಮಟ್ಟಿಗೆ ಆ ಕಿಂಡಿಗಳ ಮೂಲಕ ಬೆಳಕು ಆಚೆಯಿಂದ ಈಚೆಗೆ ಬರುತ್ತದೆ. ನೂಲು ಒತ್ತಾಗಿ ಕೂತಿದ್ದರೆ ಕಿಂಡಿ ಸಣ್ಣದು, ಸಡಿಲವಾಗಿದ್ದರೆ ದೊಡ್ಡದು. ದಪ್ಪ ಬಟ್ಟೆ ಮೈ ಮುಚ್ಚುತ್ತದೆ, ತೆಳು ಬಟ್ಟೆ ಮುಚ್ಚುವುದಿಲ್ಲ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ದಪ್ಪ ನೂಲಿನಿಂದ ಸಡಿಲವಾಗಿ ನೇಯ್ದ ಬಟ್ಟೆ ಜರಡಿಯಂತೆ ಬೆಳಕು ಬಿಡುತ್ತದೆ. ಸಣ್ಣ ನೂಲಿನಿಂದ ಒತ್ತಾಗಿ ನೇಯ್ದ ಪಾಪ್ಲಿನ್ ಹಗುರವಾಗಿದ್ದೂ ಮುಚ್ಚುತ್ತದೆ. ನಲವತ್ತು ಡಿಗ್ರಿ ದಾಟುವ ಇಲ್ಲಿಯ ಬೇಸಿಗೆಯಲ್ಲಿ ದಪ್ಪ ಬಟ್ಟೆಯ ಹಿಂದೆ ಬೀಳುವುದು ಮೈಗೆ ಕೊಡುವ ಶಿಕ್ಷೆ.

ಅಂಗಡಿಯಲ್ಲಿ ಈ ಒತ್ತು ಗೊತ್ತಾಗದಿರಲು ದೊಡ್ಡ ಕಾರಣ ಗಂಜಿ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅಗ್ಗದ ಬಟ್ಟೆಯ ಮೋಸವೆಲ್ಲ ಬಹುಮಟ್ಟಿಗೆ ಇಲ್ಲಿದೆ. ಸಡಿಲವಾಗಿ ನೇಯ್ದ ಬಟ್ಟೆಗೆ ಕಾರ್ಖಾನೆಯಲ್ಲಿ ಪಿಷ್ಟದ ಗಂಜಿ ಹಾಕುತ್ತಾರೆ. ಕೆಲವೊಮ್ಮೆ ಅದರ ಜೊತೆ ಬಿಳಿ ಜೇಡಿಮಣ್ಣಿನ ನುಣ್ಣನೆಯ ಪುಡಿಯನ್ನೂ ಬೆರೆಸುತ್ತಾರೆ. ಅದು ಕಿಂಡಿಗಳಲ್ಲಿ ತುಂಬಿಕೊಂಡು ಒಣಗುತ್ತದೆ. ಮೇಲೆ ಬಿಸಿ ಉರುಳೆ ಹಾಯಿಸಿದರೆ ಬಟ್ಟೆ ಖಡಕ್ಕಾಗುತ್ತದೆ, ತೂಕ ಬರುತ್ತದೆ, ಮಿರುಗುತ್ತದೆ. ಕೈಗೆ ಸಿಕ್ಕಾಗ ಭಾರಿ ಮಾಲು ಅನ್ನಿಸುತ್ತದೆ. ಮನೆಗೆ ತಂದು ಒಗೆದರೆ ಗಂಜಿ ನೀರಿನ ಪಾಲಾಗುತ್ತದೆ, ಕಿಂಡಿಗಳು ಬಾಯಿ ತೆರೆಯುತ್ತವೆ. ಅಂಗಡಿಯಲ್ಲಿ ಹಲಗೆಯಂತಿದ್ದ ಕುರ್ತಿಯನ್ನು ಒಗೆದು ಹಗ್ಗದ ಮೇಲೆ ಹರವಿದಾಗ, ಅದರಾಚೆ ನಿಂತ ಮಗುವಿನ ಮುಖ ಗುರುತು ಸಿಗುವಷ್ಟು ತೆಳುವಾದದ್ದನ್ನು ಕಣ್ಣಾರೆ ಕಂಡದ್ದಿದೆ. ಕೊಂಡವರು ಸಾಬೂನನ್ನು ಬೈಯುತ್ತಾರೆ, ಬಾವಿಯ ಸವುಳು ನೀರನ್ನು ಬೈಯುತ್ತಾರೆ. ಸಾಬೂನು ಬಟ್ಟೆಯನ್ನು ತೆಳು ಮಾಡಲಿಲ್ಲ. ಬಟ್ಟೆ ಮೊದಲಿನಿಂದಲೂ ತೆಳುವೇ ಇತ್ತು. ಗಂಜಿ ಹೋಯಿತು, ಬಟ್ಟೆ ಉಳಿಯಿತು, ಅಷ್ಟೇ.

ಪರೀಕ್ಷೆ ಸುಲಭ. ಬಟ್ಟೆಯ ಒಂದು ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಪ್ಪು ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಬೇಕು. ಬಿಳಿ ಪುಡಿ ಉದುರಿದರೆ ಗಂಜಿ ಹೆಚ್ಚಿದೆ. ಉಜ್ಜಿದ ಭಾಗವನ್ನು ಅಂಗಡಿಯ ಬಾಗಿಲಿಗೆ, ಹಗಲ ಬೆಳಕಿಗೆ ಹಿಡಿಯಬೇಕು. ಉಜ್ಜದ ಭಾಗಕ್ಕಿಂತ ಅದು ಹೆಚ್ಚು ಬೆಳಕು ಬಿಟ್ಟರೆ, ಇಡೀ ಬಟ್ಟೆ ಮೂರು ಒಗೆತದ ಮೇಲೆ ಹಾಗೆಯೇ ಆಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಬಟ್ಟೆಯನ್ನು ಗಲ್ಲೆಯ ಮೇಲೆ ಹರವಿ ನೋಡಿದರೆ ಏನೂ ತಿಳಿಯದು, ಬೆಳಕು ಹಿಂದಿನಿಂದ ಬರಬೇಕು. ಉಜ್ಜಬೇಡಿ ಎನ್ನುವ ಅಂಗಡಿಯವರಿದ್ದಾರೆ. ಉಜ್ಜಲು ಬಿಡದ ಬಟ್ಟೆಯನ್ನು ಕೊಳ್ಳದಿರುವುದು ಒಳ್ಳೆಯದು. ಮತ್ತೊಮ್ಮೆ ಹೇಳುವುದಾದರೆ, ಕೊಳ್ಳಬೇಕಾದದ್ದು ನೂಲನ್ನು. ಗಂಜಿಯನ್ನು ಮನೆಯಲ್ಲೇ ಕಾಸಿಕೊಳ್ಳಬಹುದು.

ಗಂಜಿಯೇ ಕೆಟ್ಟದ್ದು ಎಂದು ತಿಳಿಯಬಾರದು. ಹತ್ತಿಯ ಹಾಸಿನ ಎಳೆಗೆ ಗಂಜಿ ಕುಡಿಸದೆ ನೇಯುವುದು ಕಷ್ಟ. ಲಾಳಿ ಓಡಾಡುವ ಹೊಡೆತಕ್ಕೆ ನೂಲು ಹರಿದುಹೋಗುತ್ತದೆ. ಇಳಕಲ್ಲಿನ ಮಗ್ಗದಲ್ಲೂ ಅದು ಇದ್ದೇ ಇದೆ. ಮನೆಯಲ್ಲಿ ಅನ್ನದ ಗಂಜಿ ಹಾಕಿದ ಹತ್ತಿ ಸೀರೆ ಮೈಯಿಂದ ಸ್ವಲ್ಪ ದೂರ ನಿಲ್ಲುತ್ತದೆ, ಮೈಯ ಆಕಾರ ಎದ್ದು ಕಾಣುವುದಿಲ್ಲ. ಅದು ಒಳ್ಳೆಯ ಉಪಾಯವೇ. ನೇಕಾರ ನೂಲು ಉಳಿಯಲೆಂದು ಹಾಕುವ ಗಂಜಿ ಬೇರೆ, ಮಾರುವವನು ನೂಲು ಉಳಿಸಲೆಂದು ಹಾಕಿಸುವ ಗಂಜಿ ಬೇರೆ.

ಬಟ್ಟೆ ಒದ್ದೆಯಾದರೆ ಏಕೆ ಪಾರದರ್ಶಕವಾಗುತ್ತದೆ ಎಂಬುದಕ್ಕೂ ಕಿಂಡಿಯಲ್ಲೇ ಉತ್ತರವಿದೆ. ಒಣ ಬಟ್ಟೆಯಲ್ಲಿ ಎಳೆಗಳ ನಡುವೆ ಗಾಳಿ ಇರುತ್ತದೆ. ಬೆಳಕು ಗಾಳಿಯಿಂದ ಎಳೆಗೆ, ಎಳೆಯಿಂದ ಗಾಳಿಗೆ ದಾಟುವಾಗೆಲ್ಲ ಬಾಗಿ ಚದುರುತ್ತದೆ, ಆದ್ದರಿಂದ ಆಚೆಯದು ಸ್ಪಷ್ಟವಾಗಿ ಕಾಣುವುದಿಲ್ಲ. ಬೆಳಕು ಎಷ್ಟು ಬಾಗುತ್ತದೆ ಎಂದು ತಿಳಿಸುವ ವಕ್ರೀಭವನ ಸೂಚ್ಯಂಕ ಗಾಳಿಗೆ 1, ನೀರಿಗೆ 1.33, ಹತ್ತಿಯ ಎಳೆಗೆ ಸುಮಾರು 1.55. ಗಾಳಿಯ ಜಾಗದಲ್ಲಿ ನೀರು ತುಂಬಿದರೆ ಎಳೆಗೂ ಸುತ್ತಲಿನದಕ್ಕೂ ಇರುವ ಅಂತರ ಕುಗ್ಗುತ್ತದೆ. ಬೆಳಕು ಕಡಿಮೆ ಚದುರಿ ಹೆಚ್ಚು ನೇರವಾಗಿ ಹಾದುಹೋಗುತ್ತದೆ. ಕೃಷ್ಣೆ, ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಹೊಳೆಯ ಸ್ನಾನಕ್ಕೆ ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆ ಉಟ್ಟು ಇಳಿದವರ ಸಂಕಟಕ್ಕೆ ಇದೇ ಕಾರಣ. ಗಾಢ ಬಣ್ಣ ಬೆಳಕನ್ನು ಹೀರಿಕೊಳ್ಳುವುದರಿಂದ ನೀರಿನಲ್ಲೂ ಮಾನ ಕಾಯುತ್ತದೆ. ಸಣ್ಣ ಚೌಕಡಿ ಇಲ್ಲವೇ ಒತ್ತಾದ ಹೂ ಮುದ್ರಣ ಕಣ್ಣನ್ನು ಚದುರಿಸಿ ಮೈಯ ಅಂಚು ತಿಳಿಯದಂತೆ ಮಾಡುತ್ತದೆ. ಕಪ್ಪು ಬಣ್ಣದ್ದಾದರೆ ಯಾವುದೂ ಸರಿ ಎಂಬ ಮಾತು ಮಾತ್ರ ತಪ್ಪು. ಕಪ್ಪು ಜಾರ್ಜೆಟ್ಟಿನ ಕಿಂಡಿಯೂ ಕಿಂಡಿಯೇ.

ಒಂದು ಪದರಿನ ಬದಲು ಎರಡು ಪದರಾದರೆ ಲಾಭ ಎರಡು ಪಟ್ಟಿಗಿಂತ ಬಹಳ ಹೆಚ್ಚು. ಒಂದು ಪದರು ಬೆಳಕಿನ ಐದನೇ ಒಂದು ಪಾಲನ್ನು ಬಿಡುತ್ತದೆ ಎಂದಿಟ್ಟುಕೊಂಡರೆ, ಅದರ ಮೇಲಿನ ಇನ್ನೊಂದು ಪದರು ಆ ಪಾಲಿನಲ್ಲೂ ಐದನೇ ಒಂದನ್ನೇ ಬಿಡುತ್ತದೆ. ಉಳಿಯುವುದು ಇಪ್ಪತ್ತೈದರಲ್ಲಿ ಒಂದು. ಹೀಗಾಗಿ ತೆಳು ಬಟ್ಟೆಗೆ ಅಗ್ಗದ ಹತ್ತಿಯ ಲೈನಿಂಗ್ ಹಾಕಿಸುವುದು ದುಬಾರಿ ಬಟ್ಟೆ ಕೊಳ್ಳುವುದಕ್ಕಿಂತ ಮೇಲು. ಲೈನಿಂಗ್ ಇಡೀ ಉಡುಪಿಗೆ ಬೇಕಿಲ್ಲ. ಭುಜದಿಂದ ಮೊಣಕಾಲಿನವರೆಗೆ ಸಾಕು, ತೋಳಿಗೆ ಬೇಡ. ಬಿಳಿ ಬಟ್ಟೆಗೆ ಒಳಗೂ ಬಿಳಿಯದನ್ನೇ ಹಾಕಬೇಕು ಎಂಬುದು ಇನ್ನೊಂದು ತಪ್ಪು ನಂಬಿಕೆ. ಮೈಬಣ್ಣದ ಎದುರು ಬಿಳಿ ಒಳ ಉಡುಪು ಹೊರಗಿನಿಂದ ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ ಬಣ್ಣ ಅಡಗುತ್ತದೆ.

ಅಂಟುವ ಬಟ್ಟೆಯ ವಿಷಯ ಚಿಕ್ಕದು. ಈಗ ಎಲ್ಲೆಡೆ ಅಗ್ಗಕ್ಕೆ ಸಿಗುವ ರೇಯಾನ್ ಕುರ್ತಿ ಮೆತ್ತಗೆ ಜೋತುಬಿದ್ದು ಮೈಗೆ ಹತ್ತಿಕೊಳ್ಳುತ್ತದೆ. ಒದ್ದೆಯಾದಾಗ ಅದರ ನೂಲಿನ ಬಲ ಅರ್ಧದಷ್ಟು ಕುಗ್ಗುವುದರಿಂದ ಕಲ್ಲಿಗೆ ಬಡಿದು ಒಗೆಯುವ ಮನೆಯಲ್ಲಿ ಬಹುಕಾಲ ಬಾಳುವುದಿಲ್ಲ. ಹತ್ತಿಯದು ಇದಕ್ಕೆ ವಿರುದ್ಧ, ಒದ್ದೆಯಾದಾಗ ಬಲ ಹೆಚ್ಚುತ್ತದೆ. ಪಾಲಿಯೆಸ್ಟರ್ ಸೀರೆಗೆ ಪಾಲಿಯೆಸ್ಟರ್ ಪರಕರ ಉಟ್ಟರೆ ಒಣ ಹವೆಯಲ್ಲಿ ಎರಡೂ ತಿಕ್ಕಿ ವಿದ್ಯುತ್ತಿನ ಅಂಶ ಹುಟ್ಟಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಹತ್ತಿಯ ಪರಕರ ಉಟ್ಟರೆ ಆ ಕಾಟ ಬಹಳಷ್ಟು ತಗ್ಗುತ್ತದೆ.

ಊರಿನ ಸೀರೆಯ ಕಡೆ ಬಂದರೆ, ಇಳಕಲ್ ಸೀರೆ ಮೊದಲು ಹೇಳಿದ ಮೂರೂ ಗುಣಗಳನ್ನು ಬಹಳ ಹಿಂದೆಯೇ ಒಟ್ಟುಗೂಡಿಸಿತ್ತು. ಒಡಲು ಗಾಢ ಬಣ್ಣದ್ದು, ಹಲವು ಸಲ ಚೌಕಡಿ ಅಥವಾ ಕಡ್ಡಿಯದು. ದಡಿ ಅಗಲ, ಅದರ ಭಾರಕ್ಕೆ ನಿರಿಗೆ ಹಾರುವುದಿಲ್ಲ. ಸೆರಗು ತಲೆ ಮುಚ್ಚುವಷ್ಟು ಉದ್ದ. ಹನ್ನೆರಡು ಮೊಳ ಅಂದರೆ ಆರು ಗಜ, ಹದಿನಾರು ಮೊಳ ಅಂದರೆ ಎಂಟು ಗಜ, ಹದಿನೆಂಟು ಮೊಳ ಅಂದರೆ ಒಂಬತ್ತು ಗಜ. ಉದ್ದ ಹೆಚ್ಚಿದಷ್ಟೂ ಮೈಮೇಲೆ ಪದರು ಹೆಚ್ಚು. ಶುದ್ಧ ರೇಷ್ಮೆಯದು ಬಡವರ ಕೈಗೆ ಎಟುಕದು. ಹತ್ತಿಯದು ಮತ್ತು ಚಮಕಾ ಎಂದು ಕರೆಯುವ ಕೃತಕ ರೇಷ್ಮೆ ಬೆರೆತದ್ದು ಎಟುಕುತ್ತದೆ. ಮೈ ಮುಚ್ಚುವ ಕೆಲಸದಲ್ಲಿ ಈ ಎರಡೂ ರೇಷ್ಮೆಗಿಂತ ಕಡಿಮೆಯಲ್ಲ.

ಕೈಮಗ್ಗದ ಬೆಲೆ ಕೊಡುವವರು ಕೊಂಡಿಯನ್ನು ನೋಡಿ ಕೊಡಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ, ಅದೇ ಕೊಂಡಿ. ಸೆರಗಿನ ಬುಡದಲ್ಲಿ ಬಣ್ಣ ಥಟ್ಟನೆ ಬದಲಾಗುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಸಣ್ಣ ಉಬ್ಬು ಗೆರೆ ಸಿಗುತ್ತದೆ. ವಿದ್ಯುತ್ ಮಗ್ಗದ ನಕಲಿನಲ್ಲಿ ಒಂದೇ ಹಾಸು ತುದಿಯಿಂದ ತುದಿಗೆ ಓಡುತ್ತದೆ. ಒಡಲಿನ ಬಣ್ಣ ಸೆರಗಿನ ಕೆಂಪಿನೊಳಗೂ ಇಣುಕುತ್ತದೆ. ವಿದ್ಯುತ್ ಮಗ್ಗದ ಸೀರೆ ಕೊಳ್ಳುವುದು ತಪ್ಪೇನಲ್ಲ, ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಅದೂ ಆಸರೆ. ಅದಕ್ಕೆ ಕೈಮಗ್ಗದ ಬೆಲೆ ತೆರುವುದು ತಪ್ಪು. ಕೇಂದ್ರ ಸರ್ಕಾರ 2006ರಲ್ಲಿ ತಂದ ಕೈಮಗ್ಗ ಮುದ್ರೆ ಇದ್ದರೆ ಒಳ್ಳೆಯದು, ಆದರೆ ಮುದ್ರೆ ಇದ್ದರೂ ಬೆರಳು ಆಡಿಸಿ ನೋಡಬೇಕು.

ಗುಳೇದಗುಡ್ಡದ ಖಣದ ಬಗ್ಗೆ ಎರಡು ಮಾತು. ರೇಷ್ಮೆ ಅಥವಾ ಕೃತಕ ರೇಷ್ಮೆಯ ಹಾಸಿಗೆ ಹತ್ತಿಯ ಹೊಕ್ಕು ಸೇರಿಸಿ ಒತ್ತಾಗಿ ನೇಯುವ ಬಟ್ಟೆ ಅದು. ಕುಪ್ಪಸಕ್ಕೆ ಲೈನಿಂಗ್ ಇಲ್ಲದೆಯೇ ನಡೆಯುತ್ತದೆ. ಆದರೆ ಖಣ ಅಂದರೆ ಹಳೆಯ ಗಿಡ್ಡ ಕುಪ್ಪಸದ ಅಳತೆಗೆ ಕತ್ತರಿಸಿದ ತುಂಡು. ಮೊಣಕೈ ಮುಚ್ಚುವ ತೋಳು, ಸೊಂಟ ಮುಚ್ಚುವ ಉದ್ದ ಬೇಕಾದವರು ಒಂದು ಖಣ ತಂದು ಟೇಲರನ ಹತ್ತಿರ ಜಗಳ ಮಾಡಿದರೆ ಪ್ರಯೋಜನವಿಲ್ಲ, ಎರಡು ತರಬೇಕು. ಖಣವೆಂದು ಮೀಟರಿನ ಲೆಕ್ಕದಲ್ಲಿ ಮಾರುವ ಪಾಲಿಯೆಸ್ಟರ್ ಬಟ್ಟೆಯೂ ಬಂದಿದೆ. ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬುರ್ಖಾಕ್ಕೆ ಬಳಸುವ ನಿದಾ ಬಟ್ಟೆ ಪಾಲಿಯೆಸ್ಟರೇ. ಒತ್ತು ನೇಯ್ಗೆ, ಹೊಳಪಿಲ್ಲದ ಮೈ ಇರುವುದರಿಂದ ಚೆನ್ನಾಗಿ ಮುಚ್ಚುತ್ತದೆ, ಬೆವರು ಹೀರುವುದಿಲ್ಲ. ಒಳಗೆ ಹತ್ತಿಯ ಬಟ್ಟೆ ಇದ್ದರೆ ಬೇಸಿಗೆ ಕಳೆಯಬಹುದು. ಕಲ್ಲು, ಮಣಿ, ಕಸೂತಿ ಇರುವ ಬುರ್ಖಾದಲ್ಲಿ ಬೆಲೆಯ ದೊಡ್ಡ ಪಾಲು ಆ ಅಲಂಕಾರಕ್ಕೆ ಹೋಗುತ್ತದೆ. ಸಾದಾದ್ದು ಕೊಂಡರೆ ಅದೇ ದುಡ್ಡಿಗೆ ಬಟ್ಟೆ ಒಳ್ಳೆಯದು ಬರುತ್ತದೆ.

ಇನ್ನು ಮೂರನೆಯ ಗುಣ, ಹೊಲಿಗೆಗೆ ಸೇರಿದ್ದು. ಸಡಿಲವಿರಲಿ ಎಂದು ಎರಡು ಅಳತೆ ದೊಡ್ಡ ಸಿದ್ಧ ಉಡುಪು ಕೊಳ್ಳುವ ರೂಢಿ ಬಿಡಬೇಕು. ಅಳತೆ ದೊಡ್ಡದಾದಂತೆ ಕೊರಳೂ ಕಂಕುಳೂ ಅಗಲವಾಗುತ್ತವೆ. ಬಗ್ಗಿದಾಗ ಮುಚ್ಚಬೇಕಾದದ್ದೇ ತೆರೆದುಕೊಳ್ಳುತ್ತದೆ. ಭುಜಕ್ಕೆ ಸರಿಯಾದ ಅಳತೆ ತೆಗೆದುಕೊಂಡು, ಪಕ್ಕದ ಸೀಳನ್ನು ಸೊಂಟದ ಕೆಳಗಿನವರೆಗೆ ಹೊಲಿಸಿಕೊಳ್ಳಬೇಕು. ಹೊಲಿಸುವವರು ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಲು ಹೇಳಿದರೆ, ಕೈ ಎತ್ತಿದಾಗ ಉಡುಪೆಲ್ಲ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ, ಹೊಲಿಗೆಯೂ ಬಿಚ್ಚುವುದಿಲ್ಲ. ಹತ್ತಿಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೆನೆಸಿ ಒಣಗಿಸಬೇಕು. ನೂರಕ್ಕೆ ಐದರಷ್ಟು ಕುಗ್ಗುವ ಬಟ್ಟೆಯಲ್ಲಿ 42 ಅಂಗುಲದ ಕುರ್ತಿ ಎರಡು ಅಂಗುಲ ಗಿಡ್ಡವಾಗುತ್ತದೆ. ನೆನೆಸಿದ ನೀರಿನಲ್ಲಿ ಗಂಜಿಯ ಬಣ್ಣವೂ ಬಯಲಾಗುತ್ತದೆ.

ಬೆಲೆಯನ್ನು ಚೀಟಿಯಲ್ಲಿ ನೋಡದೆ ಉಡುವ ಸಲಗಳಲ್ಲಿ ಲೆಕ್ಕ ಹಾಕಬೇಕು. ₹400ರ ಕುರ್ತಿ ಇಪ್ಪತ್ತು ಸಲಕ್ಕೆ ಮುಗಿದರೆ ಒಂದು ಸಲಕ್ಕೆ ₹20. ₹900ರ ಬಟ್ಟೆ, ಹೊಲಿಗೆ ಸೇರಿ, ನೂರು ಸಲ ಬಂದರೆ ₹9. ಒಟ್ಟಿಗೆ ₹900 ಕೈಯಲ್ಲಿಲ್ಲದವರು ಒಂದನ್ನಾದರೂ ಹೀಗೆ ಮಾಡಿಸಿಕೊಂಡು ಉಳಿದದ್ದನ್ನು ಮುಂದಿನ ಹಂಗಾಮಿಗೆ ಇಟ್ಟುಕೊಳ್ಳಬಹುದು. ಮದುವೆಯ ಸುಗ್ಗಿಯಲ್ಲಿ ಕೊಳ್ಳದೆ ಆಷಾಢದಲ್ಲಿ ಕೊಂಡರೆ ಚೌಕಾಸಿಗೆ ಅವಕಾಶ ಹೆಚ್ಚು. ನೇಕಾರರ ಸಹಕಾರ ಸಂಘಗಳು, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳು, ಇಳಕಲ್, ಕಮತಗಿ, ಸೂಳೇಭಾವಿ, ಗುಳೇದಗುಡ್ಡಗಳ ನೇಕಾರರ ಮನೆಗಳು ನೇರವಾಗಿ ಕೇಳಬಹುದಾದ ಜಾಗಗಳು. ದಡಿಯಲ್ಲಿ ಎಳೆ ತಪ್ಪಿದ, ಬಣ್ಣ ತುಸು ಏರುಪೇರಾದ ಸೀರೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಅಂಥವು ಕಡಿಮೆ ಬೆಲೆಗೆ ಹೋಗುತ್ತವೆ, ಉಟ್ಟಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ಬಟ್ಟೆ ಮನೆಯ ಟ್ರಂಕಿನಲ್ಲಿರುವ ಅಜ್ಜಿಯ, ಅತ್ತೆಯ ಹಳೆಯ ಸೀರೆ. ಅದರ ಗಂಜಿ ಹೋಗಿ ಎಷ್ಟೋ ಕಾಲವಾಗಿದೆ, ಕುಗ್ಗುವುದೆಲ್ಲ ಕುಗ್ಗಿದೆ, ಈಗ ಕಾಣುವುದೇ ಅದರ ನಿಜವಾದ ಒತ್ತು. ಪಾತ್ರೆಯವನಿಗೆ ಒಂದು ಬೋಗುಣಿಗೆ ಕೊಟ್ಟುಬಿಡುವ ಬದಲು ಹದಿನೆಂಟು ಮೊಳದ ಒಂದು ಸೀರೆಯಲ್ಲಿ ಎರಡು ಉದ್ದ ತೋಳಿನ ಕುರ್ತಾ ಹೊಲಿಸಬಹುದು. ಮೊದಲು ಬಿಸಿಲಿಗೆ ಹಿಡಿದು ಮಡಿಕೆಗಳು ಬಿರಿದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಅವನ್ನು ಬಿಟ್ಟು ಕತ್ತರಿಸಬೇಕು. ಗಟ್ಟಿ ಉಳಿದ ದಡಿಯನ್ನು ಕೆಳ ಅಂಚಿಗೂ ತೋಳಿನ ತುದಿಗೂ ಬಳಸಬೇಕು. ಕೆಂಪು ಸೆರಗು ವೇಲ್ ಆಗುತ್ತದೆ. ಕೊಂಡಿಯ ಗೆರೆಯ ಮೇಲೆ ಮಾತ್ರ ಕತ್ತರಿ ಆಡಿಸಬಾರದು, ಅಲ್ಲಿ ಕುಣಿಕೆಗಳು ಕಳಚಿ ಎಳೆಗಳು ಬಿಚ್ಚಿಕೊಳ್ಳುತ್ತವೆ. ಗೆರೆಯಿಂದ ಎರಡು ಬೆರಳು ಈಚೆಗೆ, ಒಡಲಿನ ಕಡೆ ಕತ್ತರಿಸಿ ಕೂಡಲೇ ಅಂಚು ಮಡಿಸಿ ಹೊಲಿಯಬೇಕು.