ಪೋಲೀಸರ ಮೇಲಣ ದೂರು

ಪೋಲೀಸು ಇಲಾಖೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕಳ್ಳಕಾಕರ ವಿಷಯವನ್ನೇ ಆಡುತ್ತೇವೆ. ಮನೆಯಲ್ಲಿ ಕಳವಾದರೆ ಠಾಣೆಗೆ ಹೋಗಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅನ್ಯಾಯವು ಠಾಣೆಯೊಳಗೇ ನಡೆದರೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ವಿದ್ಯಾವಂತರಾದ ನಗರವಾಸಿಗಳಲ್ಲಿಯೂ ಥಟ್ಟನೆ ಉತ್ತರ ಹೇಳಬಲ್ಲವರು ವಿರಳ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಮ್ಮಲ್ಲಿ ಹಳೆಯದು. ಹಾಗೆ ಮೇಯ್ದಾಗ ಹೊಲದ ಯಜಮಾನನು ಯಾರ ಮುಂದೆ ಫಿರ್ಯಾದು ಹೇಳಿಕೊಳ್ಳಬೇಕೆಂಬುದನ್ನು ಮಾತ್ರ ಆ ಗಾದೆ ತಿಳಿಸುವುದಿಲ್ಲ. ಈ ಹೊತ್ತು ವಿಚಾರಮಾಡತಕ್ಕದ್ದು ಆ ಭಾಗವನ್ನೇ.

ಈ ಪ್ರಶ್ನೆಯು ನಮ್ಮ ದೇಶದಲ್ಲಿ ಸರ್ಕಾರದ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿದ್ದು 1855ರಲ್ಲಿ. ಮದರಾಸು ಆಧಿಪತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆ ಹೊರಡಿಸುವುದಕ್ಕೂ ಜನರನ್ನು ಹಿಂಸಿಸುತ್ತಾರೆಂಬ ಆಪಾದನೆ 1854ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಅದರ ಫಲವಾಗಿ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗವೊಂದು ನೇಮಕವಾಯಿತು. ಬಳ್ಳಾರಿಯೂ ಕೆನರಾ ಸೀಮೆಯೂ ಆಗ ಆ ಆಧಿಪತ್ಯಕ್ಕೆ ಸೇರಿದ್ದುದರಿಂದ ಇದು ಕನ್ನಡಿಗರಿಗೆ ಹೊರಗಿನ ಕಥೆಯಲ್ಲ. ಆಯೋಗದ ಮುಂದೆ ಬಂದ ದೂರುಗಳು 1,959. ಬರೆದು ಕಳುಹಿಸಿದವರೇ ಹೆಚ್ಚು. ಆದರೂ ಐನೂರಕ್ಕೂ ಮೇಲ್ಪಟ್ಟ ಜನರು ತಾವೇ ಬಂದು ಹೇಳಿಕೊಂಡರು. ರೈಲಿಲ್ಲದ ಆ ಕಾಲದಲ್ಲಿ ನೂರಾರು ಮೈಲಿ ದೂರದಿಂದ ಮದರಾಸಿಗೆ ಬಂದವರೂ ಅವರಲ್ಲಿದ್ದರು. ಕೈಬೆರಳುಗಳನ್ನು ಮರದ ಇಕ್ಕುಳದಲ್ಲಿ ಹಿಸುಕುವ 'ಕಿಟ್ಟಿ', ಮೈಯನ್ನು ಬಾಗಿಸಿ ಹಗ್ಗದಿಂದ ಬಿಗಿದು ಬಿಸಿಲಿನಲ್ಲಿ ಬಿಡುವ 'ಅನಂದಾಳ', ಇವುಗಳ ವರ್ಣನೆ ಆ ವರದಿಯಲ್ಲಿದೆ. ಅದನ್ನು ವಿಸ್ತರಿಸುವುದು ಇಲ್ಲಿ ಅನಾವಶ್ಯಕ.

ಆ ಆಯೋಗದವರ ಮನಸ್ಸನ್ನು ಹಿಂಸೆಗಿಂತಲೂ ಹೆಚ್ಚಾಗಿ ನೋಯಿಸಿದ್ದು ಇನ್ನೊಂದು. ನೊಂದವನಿಗೆ ಪರಿಹಾರ ದೊರೆಯುವ ದಾರಿ ಎಷ್ಟು ದುರ್ಗಮವಾಗಿತ್ತೆಂಬುದೇ ಅದು. ತಹಶೀಲ್ದಾರನೇ ಕಂದಾಯದ ಅಧಿಕಾರಿ, ಅವನೇ ಪೋಲೀಸಿನ ಮುಖ್ಯಸ್ಥ. ಬಡರೈತನು ಕಷ್ಟಪಟ್ಟು ಕಲೆಕ್ಟರಿಗೆ ಅರ್ಜಿ ಕೊಟ್ಟರೆ ಅದು ಷರಾ ಬರೆಸಿಕೊಂಡು ಕೆಳಗಿಳಿದು ತಾಲ್ಲೂಕು ಕಚೇರಿಗೇ ಬರುವುದು. ಯಾರ ಮೇಲೆ ದೂರೋ ಅವರ ಕೈಗೇ ಅರ್ಜಿ ಸೇರಿದಂತಾಯಿತು. ಅರ್ಜಿ ಹೀಗೆ ಹೊರಟಲ್ಲಿಗೇ ಹಿಂತಿರುಗುವ ಈ ಪ್ರದಕ್ಷಿಣೆಯನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದನ್ನು ತಪ್ಪಿಸಲು ನಡೆದ, ಬಹುಮಟ್ಟಿಗೆ ಅರೆಮನಸ್ಸಿನ, ಪ್ರಯತ್ನಗಳ ಕಥೆ.

ಮೊದಲ ಪ್ರಯತ್ನವೆಂದರೆ ಕಂದಾಯವನ್ನೂ ಪೋಲೀಸನ್ನೂ ಬೇರ್ಪಡಿಸಿದ್ದು. 1859ರಲ್ಲಿ ಮದರಾಸಿನಲ್ಲಿ ಪ್ರತ್ಯೇಕ ಪೋಲೀಸು ದಳ ಏರ್ಪಟ್ಟಿತು. 1861ರಲ್ಲಿ ಬ್ರಿಟಿಷ್ ಇಂಡಿಯದ ಪೋಲೀಸು ಶಾಸನ ಬಂದಿತು. ಆ ಶಾಸನದ 29ನೆಯ ವಿಧಿಯನ್ನು ಓದಿದರೆ ಅದನ್ನು ಬರೆದವರ ಮನೋಧರ್ಮ ತಿಳಿಯುತ್ತದೆ. ಶಿಕ್ಷೆಗೆ ಅರ್ಹವಾದ ತಪ್ಪುಗಳ ಪಟ್ಟಿಯೊಂದು ಅಲ್ಲಿದೆ: ಆಜ್ಞೋಲ್ಲಂಘನೆ, ಅಪ್ಪಣೆಯಿಲ್ಲದೆ ಕೆಲಸ ಬಿಡುವುದು, ರಜ ಮುಗಿದ ಮೇಲೂ ಹಾಜರಾಗದಿರುವುದು, ಬೇರೆ ಉದ್ಯೋಗ ಹಿಡಿಯುವುದು, ಹೇಡಿತನ. ಇಷ್ಟೆಲ್ಲ ಆದಮೇಲೆ ಕಟ್ಟಕಡೆಗೆ, ವಶದಲ್ಲಿರುವ ಮನುಷ್ಯನ ಮೇಲೆ ಅಕಾರಣವಾಗಿ ಕೈಮಾಡುವುದು. ಎಲ್ಲಕ್ಕೂ ಒಂದೇ ದಂಡನೆ: ಮೂರು ತಿಂಗಳ ಸಂಬಳವನ್ನು ಮೀರದ ಜುಲ್ಮಾನೆ, ಇಲ್ಲವೆ ಮೂರು ತಿಂಗಳನ್ನು ಮೀರದ ಸೆರೆ, ಇಲ್ಲವೆ ಎರಡೂ. ರಜದಿಂದ ತಡವಾಗಿ ಬಂದವನೂ ಕೈದಿಯನ್ನು ಬಡಿದವನೂ ಒಂದೇ ಪಂಕ್ತಿಯಲ್ಲಿ ಕುಳಿತಂತಾಯಿತು.

ಈ ದೋಷ ನಮ್ಮ ದೇಶಕ್ಕೇ ವಿಶಿಷ್ಟವಾದುದೆಂದು ಯಾರೂ ತಿಳಿಯಬೇಕಾಗಿಲ್ಲ. 1829ರಲ್ಲಿ ಲಂಡನ್ನಿನ ಹೊಸ ಪೋಲೀಸು ದಳ ಆರಂಭವಾದ ದಿವಸವೇ, ಒಂದನೆಯ ನಂಬರಿನ ಪೇದೆಯನ್ನು ಕುಡಿದಿದ್ದನೆಂದು ಕೆಲಸದಿಂದ ತೆಗೆದರು. ಇಲಾಖೆಯ ಮರ್ಯಾದೆಗೆ ಕುಂದು ತರುವ ತಪ್ಪನ್ನು ಯಾವ ಇಲಾಖೆಯೂ ಸಹಿಸುವುದಿಲ್ಲ. ಅಲ್ಲಿ ವಿಚಾರಣೆಯೂ ಶೀಘ್ರ, ಶಿಕ್ಷೆಯೂ ಶೀಘ್ರ. ತಪ್ಪು ಹೊರಗಿನವನ ಮೈಮೇಲೆ ಆದಾಗ ಮಾತ್ರ ಸಾಕ್ಷ್ಯ ಸಾಲದು, ಸಂದರ್ಭ ಕಷ್ಟದ್ದಾಗಿತ್ತು, ಫಿರ್ಯಾದಿಯ ನಡತೆಯೂ ಒಳ್ಳೆಯದಲ್ಲ ಎಂಬ ವಿವೇಚನೆಗಳೆಲ್ಲ ಹುಟ್ಟಿಕೊಳ್ಳುತ್ತವೆ.

ಇಲಾಖೆಯ ಒಳಗೆ ದೂರು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಅರ್ಜಿ ಮೇಲಧಿಕಾರಿಗೆ ಹೋಗುತ್ತದೆ. ಆತನು ಪ್ರಾಥಮಿಕ ವಿಚಾರಣೆಗೆ ತನ್ನ ಕೈಕೆಳಗಿನವನೊಬ್ಬನನ್ನು ನೇಮಿಸುತ್ತಾನೆ. ಆ ಅಧಿಕಾರಿಯೂ ಆಪಾದಿತನೂ ಎಷ್ಟೋ ವೇಳೆ ಒಂದೇ ಉಪವಿಭಾಗದಲ್ಲಿ ಕೆಲಸ ಮಾಡಿದವರು. ಮೇಲುನೋಟಕ್ಕೆ ತಪ್ಪು ಕಂಡರೆ ಆರೋಪಪತ್ರ, ಸಮಜಾಯಿಷಿ, ಸಾಕ್ಷಿಗಳ ಹೇಳಿಕೆ, ಕಡೆಗೆ ತೀರ್ಮಾನ. ಸರ್ಕಾರಿ ನೌಕರನನ್ನು ಅವನ ಮಾತು ಕೇಳದೆ ಬರ್ತರಫು ಮಾಡಬಾರದೆಂದು ಸಂವಿಧಾನದ 311ನೆಯ ಅನುಚ್ಛೇದವು ಸಾಮಾನ್ಯವಾಗಿ ವಿಧಿಸುತ್ತದೆ. ಅದು ನ್ಯಾಯವೂ ಹೌದು. ತನಿಖೆಯ ಬಿಸಿ ತಗುಲಿದ ಬಲಾಢ್ಯರು ಪ್ರಾಮಾಣಿಕನಾದ ಸಬ್‌ಇನ್‌ಸ್ಪೆಕ್ಟರನ ಮೇಲೆ ಸುಳ್ಳರ್ಜಿ ಹಾಕಿಸುವುದೂ ಉಂಟು. ಮೇಲಿನವರ ಬಾಯಿಮಾತಿನ ಅಪ್ಪಣೆಯಂತೆ ನಡೆದ ಪೇದೆಯು ಒಬ್ಬನೇ ಶಿಕ್ಷೆಗೆ ಸಿಕ್ಕುವುದೂ ಉಂಟು. ಆದರೆ ಈ ವಿಚಾರಣೆಯು ಇಲಾಖೆಗೂ ನೌಕರನಿಗೂ ನಡುವೆ ನಡೆಯುವ ವ್ಯವಹಾರ. ಏಟು ತಿಂದವನು ಅಲ್ಲಿ ಕಕ್ಷಿದಾರನಲ್ಲ, ಬರಿಯ ಸಾಕ್ಷಿ. ತೀರ್ಪು ಏನಾಯಿತೆಂಬುದು ಎಷ್ಟೋ ಸಲ ಅವನ ಕಿವಿಗೆ ಬೀಳುವುದೇ ಇಲ್ಲ. ಪತ್ರಿಕೆಗಳಲ್ಲಿ ಸಸ್ಪೆಂಡಾದರು, ವರ್ಗವಾದರು ಎಂದು ಓದಿ ನಾವು ಸಮಾಧಾನಪಡುತ್ತೇವೆ. ಕಾಯಿದೆಯ ಪ್ರಕಾರ ಇವೆರಡೂ ಶಿಕ್ಷೆಗಳಲ್ಲ. ವರ್ಗವೆಂದರೆ ಆ ಮನುಷ್ಯನನ್ನು ಬೇರೊಂದು ಊರಿನ ಜನರಿಗೆ ಒಪ್ಪಿಸಿದಂತೆ, ಅಷ್ಟೆ.

ಠಾಣೆಯ ನಾಲ್ಕು ಗೋಡೆಗಳ ನಡುವೆ ನಡೆದುದಕ್ಕೆ ಸಾಕ್ಷಿ ಯಾರು? ನೊಂದವನು ಒಬ್ಬ, ಉಳಿದವರೆಲ್ಲ ಆಪಾದಿತನ ಸಹೋದ್ಯೋಗಿಗಳು. ಬಂಧುತ್ವದ ಕಟ್ಟಿನಿಂದ ಅವರು ಬಾಯಿಬಿಡುವುದು ಅಪರೂಪವೆಂದು ಸರ್ವೋಚ್ಚ ನ್ಯಾಯಾಲಯವೇ 1995ರಲ್ಲಿ ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ ಹೇಳಿತು. ಪೋಲೀಸರ ವಶದಲ್ಲಿದ್ದಾಗ ಗಾಯವಾದರೆ ಅದನ್ನು ಪೋಲೀಸರೇ ಮಾಡಿದರೆಂದು ನ್ಯಾಯಾಲಯವು ಭಾವಿಸಬಹುದೆಂಬ ನಿಯಮವನ್ನು ಸೇರಿಸಬೇಕೆಂದು ಕಾನೂನು ಆಯೋಗವು 1985ರಲ್ಲಿ, ತನ್ನ 113ನೆಯ ವರದಿಯಲ್ಲಿ, ಸಲಹೆ ಮಾಡಿತ್ತು. 2024ರಲ್ಲಿ ಹೊಸ ಸಾಕ್ಷ್ಯ ಕಾನೂನು ಜಾರಿಗೆ ಬಂದಾಗಲೂ ಅದು ಸೇರಲಿಲ್ಲ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಬಾರದೆಂಬ 1872ರ ನಿಯಮವು ಮಾತ್ರ ಹೊಸ ಕಾನೂನಿನಲ್ಲಿಯೂ ಉಳಿದಿದೆ. ತಪ್ಪೊಪ್ಪಿಗೆಯ ವಿಷಯದಲ್ಲಿ ಠಾಣೆಯನ್ನು ನಂಬದ ಕಾನೂನು ಗಾಯದ ವಿಷಯದಲ್ಲಿ ಅದನ್ನು ನಂಬುತ್ತದೆ. ಈ ವೈಪರೀತ್ಯವನ್ನು ಸಮರ್ಥಿಸುವುದು ನನಗಂತೂ ಕಷ್ಟವಾಗಿ ಕಾಣುತ್ತದೆ.

ಹೊರದೇಶಗಳಲ್ಲಿ ಈ ದೂರನ್ನು ಇಲಾಖೆಯ ಹೊರಗೆ ತರಲು ಬಹಳ ಗುದ್ದಾಟ ನಡೆದಿದೆ. ನ್ಯೂಯಾರ್ಕ್ ನಗರದಲ್ಲಿ 1953ರಲ್ಲಿ ಏರ್ಪಟ್ಟ ದೂರುಮಂಡಲಿಯಲ್ಲಿ ಇದ್ದವರು ಇಲಾಖೆಯವರೇ. 1966ರಲ್ಲಿ ಮೇಯರ್ ಲಿಂಡ್ಸೆಯವರು ನಾಲ್ಕು ಮಂದಿ ನಾಗರಿಕರನ್ನು ಸೇರಿಸಿದ್ದೇ ತಡ, ಪೋಲೀಸರ ಸಂಘವು ಎದ್ದುನಿಂತು ಅದೇ ವರ್ಷದ ನವೆಂಬರಿನಲ್ಲಿ ಜನಮತ ಸಂಗ್ರಹದ ಮೂಲಕ ಅದನ್ನು ರದ್ದುಮಾಡಿಸಿತು. ರದ್ದುಮಾಡಿದವರು ಓಟುಹಾಕಿದ ನಾಗರಿಕರೇ ಎಂಬುದು ಗಮನಿಸತಕ್ಕ ವಿಷಯ. ಕಳ್ಳರ ಭಯ ಹೆಚ್ಚಿದ ಕಾಲದಲ್ಲಿ ಪೋಲೀಸರ ಭಯ ಯಾರಿಗೂ ನೆನಪಿರುವುದಿಲ್ಲ. ಪೂರ್ಣವಾಗಿ ನಾಗರಿಕರದೇ ಆದ ಮಂಡಲಿ ಬಂದದ್ದು 1993ರಲ್ಲಿ. ಅಲ್ಲಿಯೂ ಶಿಕ್ಷೆಯ ಕಡೆಯ ಮಾತು ಪೋಲೀಸ್ ಕಮೀಷನರರದೇ.

ನಮ್ಮಲ್ಲಿ ದಾರಿ ತೆರೆದವರು ಪೋಲೀಸ್ ಅಧಿಕಾರಿಗಳೇ. ಉತ್ತರ ಪ್ರದೇಶದ ಪೋಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಇಲಾಖೆಯ ಸುಧಾರಣೆಗಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ತೀರ್ಪು ಬಂದದ್ದು 2006ರ ಸೆಪ್ಟೆಂಬರಿನಲ್ಲಿ. ಪ್ರತಿ ರಾಜ್ಯಕ್ಕೂ ಪ್ರತಿ ಜಿಲ್ಲೆಗೂ ಒಂದೊಂದು ಪೋಲೀಸ್ ದೂರು ಪ್ರಾಧಿಕಾರವಿರಬೇಕು. ನಿವೃತ್ತ ನ್ಯಾಯಾಧೀಶರು ಅದರ ಅಧ್ಯಕ್ಷರಾಗಿರಬೇಕು. ಡೆಪ್ಯುಟಿ ಸೂಪರಿಂಟೆಂಡೆಂಟರವರೆಗಿನವರ ಮೇಲಣ ದೂರನ್ನು ಜಿಲ್ಲೆಯೂ ಅದಕ್ಕೆ ಮೇಲ್ಪಟ್ಟವರ ಮೇಲಣ ದೂರನ್ನು ರಾಜ್ಯವೂ ವಿಚಾರಿಸಬೇಕು. ಅವುಗಳ ಶಿಫಾರಸು ಇಲಾಖೆಯನ್ನು ಬದ್ಧಗೊಳಿಸಬೇಕು ಎಂದು ನ್ಯಾಯಾಲಯವು ವಿಧಿಸಿತು. ಕರ್ನಾಟಕದಲ್ಲಿ 1963ರ ಪೋಲೀಸ್ ಶಾಸನಕ್ಕೆ 2012ರ ತಿದ್ದುಪಡಿಯಿಂದ ಈ ಪ್ರಾಧಿಕಾರಗಳು ಸೇರಿದವು. ಆದರೆ ಹಲವು ರಾಜ್ಯಗಳು ಕಾನೂನು ಮಾಡುವಾಗ ಸೇವೆಯಲ್ಲಿರುವ ಪೋಲೀಸ್ ಅಧಿಕಾರಿಗಳಿಗೇ ಪ್ರಾಧಿಕಾರದಲ್ಲಿ ಸ್ಥಾನ ಕಲ್ಪಿಸಿದವು. ಸ್ವಂತ ತನಿಖೆಗಾರರನ್ನು ಕೊಡಲು ಹಿಂಜರಿದವು. ತನಿಖೆಗಾರರಿಲ್ಲದ ಪ್ರಾಧಿಕಾರವು ವರದಿಗಾಗಿ ಮತ್ತೆ ಇಲಾಖೆಗೇ ಬರೆಯಬೇಕಾಗುತ್ತದೆ. 1855ರ ಷರಾ ಇನ್ನೂ ಅಳಿಸಿಹೋಗಿಲ್ಲ.

ಹೀಗಿದ್ದರೂ ದೂರುಗಾರನಿಗೆ ಕೆಲವು ಸಾಧನಗಳುಂಟು. ದಸ್ತಗಿರಿಯ ಕಾಲದಲ್ಲಿ ವೇಳೆ, ತಾರೀಖು ಕಾಣಿಸಿದ ಪತ್ರವೊಂದನ್ನು ಬರೆದು ಸಾಕ್ಷಿಯ ರುಜು ಹಾಕಿಸಬೇಕು, ಕೇಳಿಕೊಂಡಲ್ಲಿ ಮೈಮೇಲಿನ ಗಾಯಗಳನ್ನು ಬರೆದಿಡಬೇಕು, ವಶದಲ್ಲಿರುವವನನ್ನು 48 ಗಂಟೆಗೊಮ್ಮೆ ವೈದ್ಯರಿಂದ ಪರೀಕ್ಷಿಸಬೇಕು ಎಂದು ಡಿ. ಕೆ. ಬಸು ಮೊಕದ್ದಮೆಯಲ್ಲಿ 1996ರಲ್ಲಿ ತೀರ್ಪಾಗಿದೆ. ಈ ಕಾಗದಗಳು ಇದ್ದರೆ ಅವೇ ಸಾಕ್ಷಿ. ಇಲ್ಲದಿದ್ದರೆ ಅವು ಏಕಿಲ್ಲವೆಂಬುದೇ ಮೊದಲನೆಯ ಪ್ರಶ್ನೆಯಾಗಬೇಕು. ಸಾವು ಸಂಭವಿಸಿದಲ್ಲಿ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಪ್ರತಿ ಠಾಣೆಯ ಬಾಗಿಲಿನಲ್ಲಿಯೂ ಪಡಸಾಲೆಯಲ್ಲಿಯೂ ಬಂದೀಕೋಣೆಯಲ್ಲಿಯೂ ಸಿಸಿಟಿವಿ ಕ್ಯಾಮೆರಾಗಳಿರಬೇಕೆಂದು 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪ್ಪಣೆಮಾಡಿತು. ಆ ಅಪ್ಪಣೆಯಂತೆ ಚಿತ್ರಗಳನ್ನು 18 ತಿಂಗಳು ಕಾದಿಡಬೇಕು. ಇಲಾಖೆಯ ವಿಚಾರಣೆಯು ಎಷ್ಟೋ ವೇಳೆ ಅದಕ್ಕಿಂತ ದೀರ್ಘವಾಗಿ ಸಾಗುವುದರಿಂದ, ದೂರು ಕೊಡುವವನು ಮೊದಲ ಅರ್ಜಿಯಲ್ಲಿಯೇ ದಿವಸವನ್ನೂ ವೇಳೆಯನ್ನೂ ಕಾಣಿಸಿ, ಆ ಹೊತ್ತಿನ ಚಿತ್ರಗಳನ್ನು ಅಳಿಸದೆ ಬೇರೆಯಾಗಿ ತೆಗೆದಿರಿಸಬೇಕೆಂದು ಲಿಖಿತವಾಗಿ ಕೇಳಿ, ಅರ್ಜಿ ಮುಟ್ಟಿದ್ದಕ್ಕೆ ರಸೀದಿಯನ್ನು ಪಡೆದುಕೊಳ್ಳತಕ್ಕದ್ದು.